ಹೊಟ್ಟೆ ಸೀಳದ ಚೀಲ: ಶೆಡ್ಡಿನ ಮಕ್ಕಳ ಶಾಲೆಗೆ ನಾನು ದುಡ್ಡು ಹೊಂದಿಸಿದ ಬಗೆ

"ಗುಜರಿ ಮಾರಿ ಮಕ್ಕಳನ್ನು ಓದಿಸುತ್ತೀರಾ?" ಎಂದು ನಮ್ಮ ಟ್ರಸ್ಟಿನ ಸಭೆಯಲ್ಲಿ ಮೂಗು ಮುರಿದಿದ್ದ ಹಿರಿಯರು ಕಳೆದ ತಿಂಗಳು ತಮ್ಮ ಮಗಳ ಹೊಸ ಮನೆಯ ಸಿಮೆಂಟ್ ಚೀಲಗಳನ್ನು ನಮಗೇ ಕಳಿಸಿದರು. ಅದಕ್ಕೇ ಬರೆಯುವ ಧೈರ್ಯ ಬಂದಿದೆ.

ನಾವು ಶಾಲೆಗೆ ಕಳಿಸುವ ಮಕ್ಕಳು ಬೆಂಗಳೂರಿನ ವರ್ತೂರು, ಗುಂಜೂರು ಕಡೆ ಮೂವತ್ತು-ನಲವತ್ತರ ನಿವೇಶನಗಳಲ್ಲಿ ಮನೆ ಕಟ್ಟುವ ಕೂಲಿಯವರ ಮಕ್ಕಳು. ಹೆಚ್ಚಿನವರು ಯಾದಗಿರಿ, ರಾಯಚೂರು ಜಿಲ್ಲೆಗಳ ಸುರಪುರ, ಶಹಾಪುರ, ದೇವದುರ್ಗದ ಕಡೆಯವರು. ನಾಲ್ಕಾರು ಬಂಗಾಳದ ಕುಟುಂಬಗಳೂ ಇವೆ. ಪಕ್ಕದ ಖಾಲಿ ನಿವೇಶನದಲ್ಲಿ ನೀಲಿ ಟಾರ್ಪಾಲು ಎಳೆದು ಇರುತ್ತಾರೆ. ಪ್ಲಾಸ್ಟರಿಂಗ್ ಮುಗಿಯಿತೆಂದರೆ ಟಾರ್ಪಾಲು ಮಡಚಿ ಮುಂದಿನ ಕೆಲಸಕ್ಕೆ ಹೊರಟರು. ದೇಶದ ಜನಗಣತಿಯಲ್ಲಿ ರಸ್ತೆ ಬದಿಯಲ್ಲಿ, ದೊಡ್ಡ ಸಿಮೆಂಟ್ ಪೈಪುಗಳೊಳಗೆ, ಮೇಲ್ಸೇತುವೆಯ ಕೆಳಗೆ ಮಲಗುವವರು ವಸತಿರಹಿತರು. 2011ರಲ್ಲಿ ದೇಶದಲ್ಲಿ ಅಂಥವರು 17.7 ಲಕ್ಷ. ನಮ್ಮ ಮಕ್ಕಳು ಆ ಲೆಕ್ಕಕ್ಕೆ ಸೇರುತ್ತಾರೋ ಇಲ್ಲವೋ ಎಂಬ ವಾದವನ್ನೇ ಒಂದು ಕಂಪನಿಯ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ ನಿಧಿ) ಅಧಿಕಾರಿಯ ಎದುರು ಒಂದು ಮಧ್ಯಾಹ್ನವಿಡೀ ಮಾಡಿದ್ದೇನೆ. "ಇವರಿಗೆ ಸೂರಿದೆಯಲ್ಲ" ಎಂದರು ಅವರು. ಸೂರು ಇದೆ, ಎಂಟು ತಿಂಗಳ ಮಟ್ಟಿಗೆ.

ಮೊದಲ ವರ್ಷ ಎಲ್ಲರೂ ಮಾಡುವುದನ್ನೇ ಮಾಡಿದೆ. ಜೂನ್ ತಿಂಗಳಲ್ಲಿ ನೂರಹತ್ತು ಬ್ಯಾಗು, ನೋಟ್‌ಬುಕ್, ಜ್ಯಾಮಿಟ್ರಿ ಬಾಕ್ಸು. ಸುಮಾರು ಎಪ್ಪತ್ತು ಸಾವಿರ ರೂಪಾಯಿ ಖರ್ಚಾಯಿತು. ಫೋಟೊ ಚೆನ್ನಾಗಿ ಬಂದವು. ದಸರೆಯ ಹೊತ್ತಿಗೆ ಒಂದು ಬ್ಯಾಗಿನಲ್ಲಿ ಕರಣೆ ಮತ್ತು ತೂಗುಗುಂಡು, ಇನ್ನೊಂದರಲ್ಲಿ ಪಡಿತರದ ಅಕ್ಕಿ ಕಂಡೆ. ಸರ್ಕಾರಿ ಶಾಲೆಯಲ್ಲಿ ಪುಸ್ತಕ, ಸಮವಸ್ತ್ರ, ಶೂ, ಬಿಸಿಯೂಟ ಎಲ್ಲವೂ ಪುಕ್ಕಟೆ ಸಿಗುತ್ತದೆ. ಇದ್ದದ್ದನ್ನೇ ಮತ್ತೆ ಕೊಟ್ಟು ನಾನು ಬೀಗುತ್ತಿದ್ದೆ. ಮಗುವಿಗೆ ಇಲ್ಲದ್ದು ಶೆಡ್ಡಿನಿಂದ ಶಾಲೆಯವರೆಗಿನ ಎರಡು ಕಿಲೋಮೀಟರ್, ನಡುವೆ ನೀರಿನ ಟ್ಯಾಂಕರುಗಳು ನುಗ್ಗುವ ರಸ್ತೆ. ತಾಯಿ ಎಂಟಕ್ಕೆ ಕೆಲಸಕ್ಕೆ ಇಳಿಯುತ್ತಾಳೆ, ಶಾಲೆಯ ಬಾಗಿಲು ತೆರೆಯುವುದು ಒಂಬತ್ತೂವರೆಗೆ.

ಎರಡನೆಯ ವರ್ಷ ವ್ಯಾನು. ತಿಂಗಳಿಗೆ ಇಪ್ಪತ್ನಾಲ್ಕು ಸಾವಿರ, ಹದಿನೆಂಟು ಮಕ್ಕಳು. ಶೆಡ್ಡುಗಳು ಜಾಗ ಬದಲಿಸಿದಂತೆ ದಾರಿಯೂ ಉದ್ದವಾಯಿತು. ಮಳೆಗಾಲದಲ್ಲಿ ಕೆಸರಿಗೆ ಬರುವುದಿಲ್ಲವೆಂದು ಚಾಲಕ ಹಟ ಹಿಡಿದ. ನವೆಂಬರಿನಲ್ಲಿ ಖಾತೆ ಬರಿದಾಯಿತು. ನನ್ನ ಕೈಯಿಂದ ಅರವತ್ತು ಸಾವಿರ ಹೋಯಿತು. ಮನೆಯವರಿಗೆ ನಲವತ್ತು ಎಂದು ಹೇಳಿದ್ದೆ. ಇದನ್ನು ಓದಿ ನಿಜ ತಿಳಿಯಲಿ.

ಆಮೇಲೆ ದೊಡ್ಡ ಹಣದ ಬೆನ್ನು ಹತ್ತಿದೆ. ತೆರಿಗೆ ವಿನಾಯಿತಿಗೆ 12ಎ, 80ಜಿ, ಕಂಪನಿಗಳ ಹಣ ಪಡೆಯಲು ಸಿಎಸ್‌ಆರ್-1, ಎಲ್ಲ ನೋಂದಣಿ ಮಾಡಿಸಿದ್ದಾಯಿತು.  ಕೊನೆಗೆ ಎಡವಿದ್ದು ಕಂಪನಿಯ ಅರ್ಜಿಯ ಒಂದೇ ಕಾಲಂನಲ್ಲಿ: "ಮೂರು ವರ್ಷದ ಕೊನೆಗೆ ಇದೇ ಮಕ್ಕಳ ಕಲಿಕಾ ಪ್ರಗತಿ." ಇದೇ ಮಕ್ಕಳು ಮೂರು ವರ್ಷ ಇಲ್ಲಿರುವುದಾದರೆ ನನ್ನ ಅಗತ್ಯವೇ ಇರಲಿಲ್ಲವಲ್ಲ! ಕಟ್ಟಡ ಕಾರ್ಮಿಕರ ಸೆಸ್ ಹಣದ ದಾರಿಯನ್ನೂ ನೋಡಿದೆ. 1996ರ ಕಾಯ್ದೆಯಂತೆ ನಿರ್ಮಾಣ ವೆಚ್ಚದ ಶೇಕಡಾ ಒಂದರಷ್ಟು ಅವರ ಕಲ್ಯಾಣಕ್ಕೆಂದೇ ಸಂಗ್ರಹವಾಗುತ್ತಿತ್ತು. ಆದರೆ ಅದನ್ನು ಪಡೆಯಲು ಬೇಕಾದ ಕಾರ್ಮಿಕ ನೋಂದಣಿಗೆ ಹಿಂದಿನ ಹನ್ನೆರಡು ತಿಂಗಳಲ್ಲಿ ತೊಂಬತ್ತು ದಿನ ದುಡಿದ ದಾಖಲೆ ಬೇಕು. ಇವರು ಮುನ್ನೂರು ದಿನ ದುಡಿಯುತ್ತಾರೆ, ಹತ್ತು ಮೇಸ್ತ್ರಿಗಳ ಕೈಕೆಳಗೆ; ಸಹಿ ಹಾಕುವವನು ಒಬ್ಬನೂ ಇಲ್ಲ. ಹದಿನಾಲ್ಕು ಅರ್ಜಿ ತಯಾರಿಸಿದೆವು, ಕಾಗದ ಪೂರ್ತಿಯಾದದ್ದು ಮೂರಕ್ಕೆ. ಆ ದಾರಿಯನ್ನು ಬಿಟ್ಟಿಲ್ಲ, ನೆಚ್ಚಿಕೊಂಡೂ ಕೂತಿಲ್ಲ.

ಚೀಲದ ಯೋಚನೆ ಹೊಳೆದದ್ದು ಒಂದು ಕಟ್ಟಡದ ಮುಂದೆ ತಾಯಿಯೊಬ್ಬಳಿಗಾಗಿ ಕಾಯುತ್ತ ಕೂತಾಗ. ಗುಜರಿಯವನು ಬಂದು ಕಾವಲುಗಾರನ ಕೈಗೆ ಆರುನೂರು ರೂಪಾಯಿ ಕೊಟ್ಟು ಖಾಲಿ ಚೀಲಗಳನ್ನೂ ಕಬ್ಬಿಣದ ತುಂಡುಗಳನ್ನೂ ಗಾಡಿಗೆ ಹೇರಿಕೊಂಡು ಹೋದ. ಬ್ಯಾಂಕಿನಲ್ಲಿ ಇಪ್ಪತ್ತೇಳು ವರ್ಷ ಲೆಕ್ಕ ಬರೆದ ಕೈ ಸುಮ್ಮನಿರಲಿಲ್ಲ. ನೆಲ ಮಹಡಿಯ ಮೇಲೆ ಎರಡು ಅಂತಸ್ತು, ಒಟ್ಟು 2,700 ಚದರಡಿ. ಹೆಚ್ಚುಕಡಿಮೆ 1,100 ಚೀಲ ಸಿಮೆಂಟು, ಹತ್ತು ಟನ್ ಕಬ್ಬಿಣ. ತುಂಡು ಕಬ್ಬಿಣ ಇನ್ನೂರೈವತ್ತು ಕಿಲೋಗೆ ಕಡಿಮೆಯಿಲ್ಲ. ಆಗಿನ ದರ ಕಿಲೋಗೆ ಮೂವತ್ತು, ಮೂವತ್ತೆರಡು. ಚೀಲ ಒಂದಕ್ಕೆ ಐದು ರೂಪಾಯಿ. ಆದರೆ ಸೀಳಿದ ಚೀಲಕ್ಕೆ ಬೆಲೆಯೇ ಇಲ್ಲ, ತೂಕಕ್ಕೆ ಹೋಗುತ್ತದೆ.

ಸೋಲು-ಗೆಲುವು ನಿಂತಿದ್ದು ಅಲ್ಲೇ. ಕೆಲಸದ ಭರಾಟೆಯಲ್ಲಿ ಚೀಲವನ್ನು ನೆಲಕ್ಕೆ ಕೆಡವಿ ಸಲಿಕೆಯಿಂದ ಹೊಟ್ಟೆಗೇ ಹೊಡೆಯುತ್ತಾರೆ. ಅರ್ಧ ಕ್ಷಣದ ಕೆಲಸ. ಬಾಯಿ ಬಿಚ್ಚುವುದಾದರೆ ಬಗ್ಗಬೇಕು, ಅಂಚು ಹಿಡಿದು ಎಳೆಯಬೇಕು. ಮೇಸ್ತ್ರಿಗೆ ಹೇಳಿದೆ, ನಕ್ಕ. ಗುತ್ತಿಗೆದಾರರಿಗೆ ಹೇಳಿದೆ, "ಆಗಲಿ ಮೇಡಂ" ಎಂದು ಮರೆತರು. ಮೊದಲ ಮೂರು ಮನೆಗಳಿಂದ ಬಂದ ಎರಡು ಸಾವಿರ ಚಿಲ್ಲರೆ ಚೀಲಗಳಲ್ಲಿ ಚೆನ್ನಾಗಿದ್ದದ್ದು ಮುನ್ನೂರು ಇರಬಹುದು. ಟ್ರಸ್ಟಿನವರು "ನಾವು ಹೇಳಿರಲಿಲ್ಲವೇ" ಎಂದದ್ದು ಆಗಲೇ.

ಚೀಲ ಬಿಚ್ಚುವವರು ಯಾರೆಂದು ನಾನು ತಡವಾಗಿ ನೋಡಿದೆ. ಮರಳು ಸಿಮೆಂಟು ಕಲಸುವ ಜಾಗದಲ್ಲಿ ನಿಲ್ಲುವವರು ಹೆಣ್ಣಾಳುಗಳು, ಇದೇ ಮಕ್ಕಳ ತಾಯಂದಿರು. ಒಂದು ಸಂಜೆ ಶೆಡ್ಡಿನ ಮುಂದೆ ಕೂತು, ಇಷ್ಟು ಚೀಲ ಉಳಿದರೆ ನಿಮ್ಮ ಮಕ್ಕಳನ್ನು ಶಾಲೆಗೆ ಕರೆದೊಯ್ಯುವ ಅಕ್ಕನ ಒಂದು ದಿನದ ಸಂಬಳ ಎಂದು ಬೆರಳು ಮಡಚಿ ಹೇಳಿದೆ. ಸುರಪುರದ ಕಡೆಯ ಒಬ್ಬ ತಾಯಿ, "ಇದನ್ನು ಮೊದಲೇ ನಮಗೆ ಹೇಳಬಾರದಿತ್ತೇ ಅಕ್ಕಾವರೇ? ಮೇಸ್ತ್ರಿಯನ್ನು ಯಾಕೆ ಕೇಳಿದಿರಿ?" ಎಂದಳು. ಮುಂದಿನ ವಾರದಿಂದ ಚೀಲಗಳು ಬಾಯಿ ಬಿಚ್ಚಿ, ದೂಳು ಕೊಡವಿ, ಐವತ್ತರ ಕಟ್ಟಾಗಿ ಬರತೊಡಗಿದವು. ನೂರಕ್ಕೆ ಅರವತ್ತು ಒಳ್ಳೆಯವು ಸಿಗುತ್ತಿವೆ.

ಕಾವಲುಗಾರನ ಚಹಾ ಕಾಸಿಗೆ ಕೈ ಹಾಕಿದರೆ ಗುಜರಿ ರಾತ್ರೋರಾತ್ರಿ ಮಾಯ. ಮಾರಿದ ಹಣದಲ್ಲಿ ನಾಲ್ಕನೇ ಒಂದು ಪಾಲು ಅವನಿಗೆ, ಅದೂ ಅಂದೇ, ಕೈಯಲ್ಲೇ. ಮನೆಯ ಒಡೆಯರ ಒಪ್ಪಿಗೆಯನ್ನು ಪಾಯದ ಪೂಜೆಯ ದಿನವೇ ಪಡೆಯುತ್ತೇನೆ. ತಾರಸಿ ಹಾಕುವ ಹೊತ್ತಿಗೆ ಅವರು ಸಾಲದಲ್ಲಿ ಮುಳುಗಿರುತ್ತಾರೆ, ಚೀಲವೂ ಚಿನ್ನವಾಗಿ ಕಾಣುತ್ತದೆ. ಪೂಜೆಯ ದಿನ ಅವರಿಗೆ ನಾನು ಏನು ಹೇಳುತ್ತೇನೆ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ನನ್ನ ಗುಜರಿ ವ್ಯಾಪಾರಿ ಯಾರೆಂದೂ ಕೇಳಬೇಡಿ. ಕೆಲವರು ತೆರಿಗೆ ವಿನಾಯಿತಿಯ ರಸೀದಿ ಕೇಳುತ್ತಾರೆ. ವಸ್ತುವಾಗಿ ಕೊಟ್ಟದ್ದಕ್ಕೆ ಅದು ಬರುವುದಿಲ್ಲ ಎಂದು ಮೊದಲೇ ಹೇಳಿಬಿಡಿ. ದೊಡ್ಡ ಅಪಾರ್ಟ್‌ಮೆಂಟುಗಳ ತಂಟೆಗೆ ಹೋಗಬೇಡಿ: ಅಲ್ಲಿ ಕಲಸಿದ ಕಾಂಕ್ರೀಟನ್ನೇ ತರುವ ರೆಡಿಮಿಕ್ಸ್ ಲಾರಿ ಬರುತ್ತದೆ, ಚೀಲ ಕಡಿಮೆ, ಗುಜರಿಗೆ ಮೊದಲೇ ಗುತ್ತಿಗೆ ಆಗಿರುತ್ತದೆ. ನಾನು ಅಂಥ ಒಂದು ಕಡೆ ಎರಡು ತಿಂಗಳು ಅಲೆದು ಒಂದು ಕ್ಯಾಲೆಂಡರ್ ಪಡೆದು ಬಂದೆ.

ಮಧ್ಯೆ ಒಂದು ಹುಚ್ಚು: ಚೀಲ ತೊಳೆದು ಸಂತೆ ಚೀಲ ಹೊಲಿಸಿದರೆ ಐದರ ಬದಲು ಐವತ್ತು ಸಿಗುತ್ತದಲ್ಲ ಎಂದುಕೊಂಡೆ. ತೊಳೆದ ನೀರು ನಮ್ಮ ಮೋರಿಯಲ್ಲೇ ಗಟ್ಟಿಯಾಗಿ ಕೂತಿತು. ಹೊಲಿದವರ ಬೆರಳು ಸಿಪ್ಪೆ ಎದ್ದವು. ನಲವತ್ತು ಚೀಲ ಮಾರಿ, ಮೋರಿ ಒಡೆಸಲು ಮೂರೂವರೆ ಸಾವಿರ ಕೊಟ್ಟೆ.

ಈಗ ಖರ್ಚಿನ ಬಾಬತ್ತು. ಕಾವಲುಗಾರನ ಪಾಲು ಕಳೆದು ಮನೆಯೊಂದಕ್ಕೆ ಒಂಬತ್ತು ಸಾವಿರದ ಆಸುಪಾಸು. ಕಳೆದ ವರ್ಷ ಇಪ್ಪತ್ತೆರಡು ಮನೆ, ಅಂದರೆ ಎರಡು ಲಕ್ಷಕ್ಕೆ ತುಸು ಕಡಿಮೆ. ಮಕ್ಕಳನ್ನು ಶಾಲೆಗೆ ಕರೆದೊಯ್ಯುವ ಮೂವರು ಜೊತೆಗಾರ್ತಿಯರಿಗೆ ತಲಾ ತಿಂಗಳಿಗೆ ಐದೂವರೆ ಸಾವಿರ, ಹತ್ತು ತಿಂಗಳು. ಅವರು ಇಲ್ಲಿನವರೇ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಅವರ ಬಸ್ ಪ್ರಯಾಣ ಉಚಿತ. ಯಾದಗಿರಿ, ರಾಯಚೂರಿನ ವಿಳಾಸದ ಆಧಾರ್ ಇರುವ ಹೆಣ್ಣುಮಕ್ಕಳದ್ದೂ ಉಚಿತ. ಗಂಡುಮಕ್ಕಳಿಗೂ ಬಂಗಾಳದ ಹುಡುಗಿಯರಿಗೂ ಟಿಕೆಟ್ ಹಣ ನಮ್ಮದು. ಅರವತ್ನಾಲ್ಕು ಮಕ್ಕಳು, ತಲಾ ವರ್ಷಕ್ಕೆ ಮೂರು ಸಾವಿರ. ವ್ಯಾನಿನ ಕಾಲದಲ್ಲಿ ತಲಾ ಹದಿಮೂರು ಸಾವಿರ ಆಗುತ್ತಿತ್ತು ಎಂಬುದನ್ನು ನಮ್ಮ ಟ್ರಸ್ಟಿನ ಸಭೆಯಲ್ಲಿ ಎರಡು ಸಲ ಓದಿ ಹೇಳಿದೆ. ಎರಡನೆಯ ಸಲ ಯಾರೂ ಕೇಳಿರಲಿಲ್ಲ.

ಜೊತೆಗಾರ್ತಿ ಇದ್ದರೂ ಬಾರದ ಮಕ್ಕಳಿದ್ದರು. ಒಂಬತ್ತು ವರ್ಷದ ಒಬ್ಬಳು ಸೊಂಟದ ಮೇಲೆ ತಮ್ಮನನ್ನು ಹೊತ್ತು ಶಾಲೆಯ ಕಿಟಕಿಯ ಹೊರಗೆ ನಿಂತಿರುತ್ತಿದ್ದಳು. ಒಳಗೆ ಮಗ್ಗಿ ಹೇಳಿಸಿದರೆ ಹೊರಗಿನಿಂದ ಇವಳ ದನಿ. ಐವತ್ತಕ್ಕಿಂತ ಹೆಚ್ಚು ಹೆಣ್ಣಾಳುಗಳಿರುವಲ್ಲಿ ಶಿಶುಪಾಲನಾ ಕೊಠಡಿ ಇರಬೇಕೆಂದು 1996ರ ಕಟ್ಟಡ ಕಾರ್ಮಿಕರ ಕಾಯ್ದೆ ಹೇಳುತ್ತಿತ್ತು. ನಮ್ಮ ಕಟ್ಟಡಗಳಲ್ಲಿ ನಾಲ್ವರಿರುತ್ತಾರೆ. ಮೂರು ದಾಟಿದವರನ್ನು ಅಂಗನವಾಡಿಗೆ ಹಾಕಿದೆವು. ಸಣ್ಣವರನ್ನು ನೋಡಿಕೊಳ್ಳಲು ಶೆಡ್ಡಿನಲ್ಲೇ ಇದ್ದ ಅಜ್ಜಿಗೆ ತಿಂಗಳಿಗೆ ಒಂದೂವರೆ ಸಾವಿರ. ಇಡೀ ಲೆಕ್ಕದಲ್ಲಿ ನಾನು ಖರ್ಚು ಮಾಡಿದ ಅತ್ಯುತ್ತಮ ಹಣ ಅದು. ಐದು ಹುಡುಗಿಯರು ಒಟ್ಟಿಗೆ ಒಳಗೆ ಬಂದರು.

ಸೇರಿಸುವಾಗ ಮುಖ್ಯ ಶಿಕ್ಷಕರ ಜೊತೆ ಜಗಳ ಬೇಡ. ವಯಸ್ಸಿನ ದಾಖಲೆ ಇಲ್ಲವೆಂದು, ತಡವಾಯಿತೆಂದು, ವರ್ಗಾವಣೆ ಪತ್ರ ಬಂದಿಲ್ಲವೆಂದು ಮಗುವನ್ನು ಹಿಂದೆ ಕಳಿಸುವಂತಿಲ್ಲ ಎನ್ನುವ 2009ರ ಶಿಕ್ಷಣ ಹಕ್ಕು ಕಾಯ್ದೆಯ ಕಲಂ 14, 15, 5 ಇರುವ ಪುಟಗಳನ್ನು ಸುಮ್ಮನೆ ಅರ್ಜಿಯ ಅಡಿ ಇಡುತ್ತೇನೆ. ಇನ್ನೊಂದು, ಶಾಲೆಯ ದಾಖಲೆಯಲ್ಲಿ ಪ್ರತಿ ಮಗುವಿಗೂ ಇರುವ ಸ್ಯಾಟ್ಸ್ ಸಂಖ್ಯೆ. ಕಾಗದಗಳು ಮಳೆಯಲ್ಲಿ ಕರಗುತ್ತವೆ, ಮೊಬೈಲುಗಳು ಕಳೆಯುತ್ತವೆ. ಸಂಖ್ಯೆಯನ್ನು ಅಳಿಸದ ಶಾಯಿಯಲ್ಲಿ ಟಾರ್ಪಾಲಿನ ಒಳ ಮೂಲೆಯಲ್ಲಿ ಬರೆದುಬಿಟ್ಟೆವು. ಕುಟುಂಬ ಎಲ್ಲಿಗೇ ಹೋದರೂ ಟಾರ್ಪಾಲನ್ನು ಬಿಟ್ಟು ಹೋಗುವುದಿಲ್ಲ. ಹೊಸಕೋಟೆಗೆ ಹೋದ ನಾಲ್ಕು ಮಕ್ಕಳು ಹಾಗೆಯೇ ಅಲ್ಲಿನ ಶಾಲೆಗೆ ಸೇರಿದರು.

ಹದಿನಾಲ್ಕು ದಾಟಿದ ಹುಡುಗರ ವಿಷಯದಲ್ಲಿ ನಾನು ಸೋತಿದ್ದೇನೆ. ಕಬ್ಬಿಣದ ಸರಳು ಬಗ್ಗಿಸುವ ಬಾರ್ ಬೆಂಡಿಂಗ್‌ಗೆ ಹೋದರೆ ದಿನಕ್ಕೆ ಐನೂರು ಸಿಗುತ್ತದೆ, ಅದರ ಮುಂದೆ ನನ್ನ ಬಸ್ ಟಿಕೆಟ್ ಯಾವ ಲೆಕ್ಕ? ಸಂಜೆಯ ಪಾಠಕ್ಕೆಂದು ಸೌರ ದೀಪ ಕೊಟ್ಟೆ. ಅದರ ಬೆಳಕಿನಲ್ಲಿ ಕೇರಂ ಆಡಿದರು. ಹತ್ತನೇ ತರಗತಿ ತಲುಪಿದವನು ಒಬ್ಬ. ಯುಗಾದಿಗೆ ಊರಿಗೆ ಹೋದವನು ಪರೀಕ್ಷೆಗೆ ಬರಲಿಲ್ಲ.

ಈ ತಿಂಗಳು ಚೀಲದ ದರ ನಾಲ್ಕಕ್ಕೆ ಇಳಿದಿದೆ. ನಾಳೆ ಬೆಳಿಗ್ಗೆ ಐದೂವರೆಗೆ ಗುಂಜೂರಿನಲ್ಲಿ ಒಂದು ಪಾಯದ ಪೂಜೆ ಇದೆ. ಮೂರು ಅಂತಸ್ತು, ರೆಡಿಮಿಕ್ಸ್ ಅಲ್ಲ, ಚೀಲದ ಸಿಮೆಂಟೇ ಎಂದು ಮೇಸ್ತ್ರಿ ಫೋನ್ ಮಾಡಿದ್ದ. ತೆಂಗಿನಕಾಯಿ ತಂದಿಟ್ಟಿದ್ದೇನೆ.