ಟರ್ಬೊ ಪಿಕಪ್‌ನ ನಿಜ ಮೈಲೇಜ್: ಅಳೆಯುವುದು ಹೇಗೆ, ಸೋರಿಕೆ ಹುಡುಕುವುದು ಹೇಗೆ

ಶೋರೂಮಿನ ಕಾಗದದಲ್ಲಿ ಒಂದು ಮೈಲೇಜ್, ಡ್ಯಾಶ್‌ಬೋರ್ಡಿನಲ್ಲಿ ಇನ್ನೊಂದು, ರಸೀದಿ ಹಿಡಿದು ಲೆಕ್ಕ ಹಾಕಿದರೆ ಮೂರನೆಯದು. ಟರ್ಬೊ ಪೆಟ್ರೋಲ್ ಪಿಕಪ್‌ಗಳಲ್ಲಿ ಈ ಅಂತರ ಎದ್ದು ಕಾಣುತ್ತದೆ. ಎಂಜಿನ್ ಕೆಟ್ಟಿದೆಯೆಂದು ಗ್ಯಾರೇಜಿಗೆ ಓಡುವ ಮುನ್ನ ಒಂದು ಮಾತು ತಿಳಿದಿರಲಿ. ಇಂಧನ ಉಳಿಸುವುದು ಟರ್ಬೊ (ಹೊರಹೋಗುವ ಹೊಗೆಯ ಬಲದಿಂದ ತಿರುಗಿ ಎಂಜಿನ್ನಿಗೆ ಗಾಳಿ ಒತ್ತುವ ಸಾಧನ) ಅಲ್ಲ, ಚಿಕ್ಕ ಎಂಜಿನ್. ಆ ಚಿಕ್ಕ ಎಂಜಿನ್ನಿನಿಂದ ಬೇಕಾದಾಗ ದೊಡ್ಡದರ ಕೆಲಸ ಮಾಡಿಸುವುದಷ್ಟೇ ಟರ್ಬೊದ ಪಾಲು. ಆ ‘ಬೇಕಾದಾಗ’ ದಿನಕ್ಕೆ ಎಷ್ಟು ಸಲ ಬರುತ್ತದೆ ಎಂಬುದರ ಮೇಲೆ ನಿಮ್ಮ ಮೈಲೇಜ್ ನಿಂತಿದೆ.

ಕಾಗದದ ಅಂಕಿ ಸುಳ್ಳೇನಲ್ಲ. ಅದು ಪ್ರಯೋಗಾಲಯದ ರೋಲರ್‌ಗಳ ಮೇಲೆ, ಹಗುರ ಕಾಲಿನಲ್ಲಿ ಬಂದದ್ದು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಪಿಎಯ ಮೂಲ ಹೆದ್ದಾರಿ ಪರೀಕ್ಷೆಯ ಸರಾಸರಿ ವೇಗ ಗಂಟೆಗೆ ಸುಮಾರು 78 ಕಿ.ಮೀ., ಗರಿಷ್ಠ 97 ಕಿ.ಮೀ. ಅತಿವೇಗ, ಎ.ಸಿ. ಮತ್ತು ಚಳಿಯ ಪರೀಕ್ಷೆಗಳು ಲೆಕ್ಕಕ್ಕೆ ಸೇರಿದ್ದು 2008ರ ಮಾದರಿಗಳಿಂದ. ಆ ದೇಶದ ‘ಗ್ಯಾಲನ್‌ಗೆ ಮೈಲಿ’ ಅಂಕಿ ಕಂಡರೆ 0.425ರಿಂದ ಗುಣಿಸಿ, ಲೀಟರಿಗೆ ಕಿ.ಮೀ. ಸಿಗುತ್ತದೆ. ಬ್ರಿಟನ್ನಿನ ಗ್ಯಾಲನ್ ದೊಡ್ಡದು, ಅದಕ್ಕೆ 0.354. ಇವೆರಡನ್ನೂ ಬೆರೆಸಿಕೊಂಡು ಜಗಳಕ್ಕಿಳಿಯುವವರು ಕಡಿಮೆಯೇನಿಲ್ಲ.

ಅಳತೆ ಮೊದಲು, ರಿಪೇರಿ ಆಮೇಲೆ

ಟ್ಯಾಂಕ್ ತುಂಬಿಸುವಾಗ ನಾಝಲ್ ಮೊದಲ ಸಲ ‘ಟಕ್’ ಎಂದು ನಿಂತ ಕೂಡಲೇ ಸಾಕುಮಾಡಿ. ಅದರ ಮೇಲೆ ತುರುಕಿದರೆ ಪೆಟ್ರೋಲ್ ಆವಿ ಹಿಡಿಯುವ ಇದ್ದಿಲ ಡಬ್ಬಿಗೆ ಇಳಿದು ಅದನ್ನು ಕೆಡಿಸುತ್ತದೆ. ಟ್ರಿಪ್ ಮೀಟರ್ ಸೊನ್ನೆ ಮಾಡಿ, ಎಂದಿನಂತೆ ಓಡಿಸಿ, ಸಾಧ್ಯವಾದರೆ ಅದೇ ಪಂಪಿನಲ್ಲಿ ಅದೇ ರೀತಿ ಮತ್ತೆ ತುಂಬಿಸಿ. ಓಡಿದ ಕಿ.ಮೀ.ಯನ್ನು ಈಗ ಹಿಡಿದ ಲೀಟರ್‌ನಿಂದ ಭಾಗಿಸಿ.

ಒಂದೇ ಸಲದ ಉತ್ತರವನ್ನು ನಂಬಬೇಡಿ. ನಾಝಲ್ ನಿಲ್ಲುವ ಮಟ್ಟ ಒಂದೆರಡು ಲೀಟರ್ ಆಚೀಚೆ ಆಗುವುದು ಸಹಜ. 20 ಲೀಟರ್ ಹಾಕಿದಾಗ 2 ಲೀಟರ್ ತಪ್ಪಿದರೆ ಲೆಕ್ಕ ಶೇ 10ರಷ್ಟು ಹಾಳು. ಅದೇ ತಪ್ಪು ಒಟ್ಟು 200 ಲೀಟರಿನ ಲೆಕ್ಕದಲ್ಲಿ ಶೇ 1 ಮಾತ್ರ. ಹಾಗಾಗಿ ಕನಿಷ್ಠ ಮೂರು ನಾಲ್ಕು ಟ್ಯಾಂಕ್ ಬರೆದಿಟ್ಟು, ಒಟ್ಟು ದೂರವನ್ನು ಒಟ್ಟು ಲೀಟರಿನಿಂದ ಭಾಗಿಸಿ. ಪ್ರತಿ ಟ್ಯಾಂಕಿನ ಮೈಲೇಜ್ ಕೂಡಿಸಿ ಸರಾಸರಿ ತೆಗೆಯುವುದು ತಪ್ಪು: 300 ಕಿ.ಮೀ. ಲೀಟರಿಗೆ 10ರಂತೆ, ಇನ್ನೊಂದು 300 ಕಿ.ಮೀ. 15ರಂತೆ ಓಡಿದರೆ ಖರ್ಚಾದದ್ದು 50 ಲೀಟರ್. ನಿಜ ಸರಾಸರಿ 12, ನೀವು ಅಂದುಕೊಂಡ 12.5 ಅಲ್ಲ.

ಟೈರ್ ಬದಲಿಸಿದ್ದರೆ ಓಡೋಮೀಟರಿಗೂ ತಿದ್ದುಪಡಿ ಬೇಕು. 265/70 ಆರ್17 ಟೈರಿನ ವ್ಯಾಸ ಸುಮಾರು 803 ಮಿ.ಮೀ., 285/70 ಆರ್17ರದ್ದು 831 ಮಿ.ಮೀ. ಗಾಡಿ ನಿಜಕ್ಕೂ 103.5 ಕಿ.ಮೀ. ಓಡಿದ್ದರೂ ಮೀಟರ್ 100 ಎನ್ನುತ್ತದೆ. ದೊಡ್ಡ ಟೈರ್ ಹಾಕಿ ‘ಮೈಲೇಜ್ ಬಿತ್ತು’ ಎನ್ನುವವರ ದೂರಿನಲ್ಲಿ ಒಂದು ಪಾಲು ಈ ಲೆಕ್ಕದ್ದೇ (ಉಳಿದ ಪಾಲು ಟೈರಿನ ತೂಕ ಮತ್ತು ದಪ್ಪ ಗುಬಟುಗಳದ್ದು). ಜಿಪಿಎಸ್ ಇಟ್ಟುಕೊಂಡು 50 ಕಿ.ಮೀ. ಹೋಲಿಸಿದರೆ ವ್ಯತ್ಯಾಸ ಗೊತ್ತಾಗುತ್ತದೆ.

ಇಂಧನ ಹೋಗುವುದೆಲ್ಲಿಗೆ

ಪಿಕಪ್ ಎಂದರೆ ಗಾಳಿಗೆ ಎದೆಯೊಡ್ಡಿದ ಗೋಡೆ. 2300 ಕೆ.ಜಿ. ತೂಕದ ದೊಡ್ಡ ಪಿಕಪ್‌ಗೆ ಅಂದಾಜು ಲೆಕ್ಕ ಹಾಕಿದರೆ, ಗಂಟೆಗೆ 100 ಕಿ.ಮೀ.ಯಲ್ಲಿ ಗಾಳಿಯ ತಡೆ ಸುಮಾರು 600 ನ್ಯೂಟನ್, ಟೈರುಗಳ ತಡೆ 250. ವೇಗ 120 ಆದರೆ ಟೈರಿನದ್ದು ಹೆಚ್ಚೇನೂ ಬದಲಾಗದು. ಗಾಳಿಯದ್ದು ಮಾತ್ರ ವೇಗದ ವರ್ಗಕ್ಕೆ ತಕ್ಕಂತೆ ಏರಿ 865ರ ಹತ್ತಿರ ಬರುತ್ತದೆ. ಪ್ರತಿ ಕಿ.ಮೀ.ಗೆ ಬೇಕಾದ ಶಕ್ತಿ ಶೇ 30ರಷ್ಟು ಜಾಸ್ತಿ, ಅಂದರೆ ಲೀಟರಿಗೆ 10.5 ಕೊಡುತ್ತಿದ್ದ ಗಾಡಿ 8ಕ್ಕೆ ಇಳಿಯುತ್ತದೆ. ಎದುರುಗಾಳಿ ಬೀಸಿದರೆ ಅದೂ ಈ ವೇಗಕ್ಕೇ ಕೂಡಿಕೊಳ್ಳುತ್ತದೆ.

ಊರೊಳಗೆ ಇಂಧನ ತಿನ್ನುವುದು ತೂಕ. ಇದೇ ಗಾಡಿಯನ್ನು ನಿಂತಲ್ಲಿಂದ 60 ಕಿ.ಮೀ. ವೇಗಕ್ಕೆ ತರಲು ಸುಮಾರು 35 ಮಿ.ಲೀ. ಪೆಟ್ರೋಲ್, 100ಕ್ಕೆ ತರಲು 100 ಮಿ.ಲೀ. ಬೇಕು. ಒಮ್ಮೆ ಬ್ರೇಕ್ ಒತ್ತಿದರೆ ಅಷ್ಟೂ ಬ್ರೇಕಿನ ಬಿಸಿಯಾಗಿ ಹೋಯಿತು. ಮುಂದಿನ ಸಿಗ್ನಲ್ ಕೆಂಪು ಎಂದು ಕಂಡೊಡನೆ ಕಾಲು ತೆಗೆದು, ಗೇರಿನಲ್ಲೇ ಉರುಳಲು ಬಿಡಿ. ಹಾಗೆ ಉರುಳುವಾಗ ಇಂಧನ ಸಿಂಪಡಿಸುವ ಇಂಜೆಕ್ಟರ್‌ಗಳು ಪೂರ್ತಿ ಮುಚ್ಚಿರುತ್ತವೆ. ನ್ಯೂಟ್ರಲ್‌ಗೆ ಹಾಕಿದರೆ ಎಂಜಿನ್ನನ್ನು ಐಡ್ಲಿಂಗ್‌ನಲ್ಲಿಡಲು ಮತ್ತೆ ಇಂಧನ ಹೋಗುತ್ತದೆ.

ಬೂಸ್ಟ್ ಎಲ್ಲಿ ಶುರುವಾಗುತ್ತದೆ

ಪೆಟ್ರೋಲ್ ಎಂಜಿನ್ ಸಾಮಾನ್ಯ ಓಟದಲ್ಲಿ 14.7 ಭಾಗ ಗಾಳಿಗೆ 1 ಭಾಗ ಇಂಧನ ಬೆರೆಸುತ್ತದೆ. ಬೂಸ್ಟ್, ಅಂದರೆ ಟರ್ಬೊ ಒತ್ತುವ ಗಾಳಿಯ ಒತ್ತಡ, ಜೋರಾದಾಗ ಹೊಗೆಯ ಬಿಸಿ ಟರ್ಬೊದ ಟರ್ಬೈನನ್ನೂ ಹೊಗೆ ಶುದ್ಧಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನೂ ಸುಡದಿರಲೆಂದು ಹಲವು ಎಂಜಿನ್‌ಗಳು ಬೇಕೆಂದೇ ಹೆಚ್ಚು ಪೆಟ್ರೋಲ್ ಸುರಿಯುತ್ತವೆ. ಅನುಪಾತ 12.5ಕ್ಕೆ ಇಳಿದರೂ ಸಾಕು, ಅಷ್ಟೇ ಗಾಳಿಗೆ ಶೇ 18ರಷ್ಟು ಹೆಚ್ಚು ಇಂಧನ. ಅದರ ಬಹುಪಾಲು ಚಕ್ರಕ್ಕೆ ಬಲ ಕೊಡುವುದಿಲ್ಲ, ತಂಪು ಮಾಡುವ ಕೆಲಸಕ್ಕೆ ಹೋಗುತ್ತದೆ. ಹೊರೆ ಹೊತ್ತಾಗ, ಟ್ರೈಲರ್ ಎಳೆದಾಗ ಟರ್ಬೊ ಪಿಕಪ್‌ನ ಮೈಲೇಜ್ ತಟಕ್ಕನೆ ಬೀಳಲು ಇದೂ ಕಾರಣ.

ಇದನ್ನು ಕಣ್ಣಾರೆ ನೋಡಬಹುದು. ಡ್ಯಾಶ್‌ಬೋರ್ಡಿನ ಕೆಳಗಿರುವ ಓಬಿಡಿ (ಎಂಜಿನ್ ತಪಾಸಣೆಯ) ಸಾಕೆಟ್ಟಿಗೆ ಒಂದು ರೀಡರ್ ಸಿಕ್ಕಿಸಿ, ಫೋನಿನಲ್ಲಿ ಮ್ಯಾನಿಫೋಲ್ಡ್ ಒತ್ತಡ (ಎಂಜಿನ್ನಿನೊಳಗೆ ಹೋಗುವ ಗಾಳಿಯ ಒತ್ತಡ) ತೆರೆಯಿರಿ. ಸಮುದ್ರಮಟ್ಟದಲ್ಲಿ ಹೊರಗಾಳಿಯ ಒತ್ತಡ 101 ಕಿಲೊಪಾಸ್ಕಲ್, 1000 ಮೀಟರ್ ಎತ್ತರದಲ್ಲಿ 90. ಒಂದೇ ವೇಗದಲ್ಲಿ ಸಮತಟ್ಟಿನಲ್ಲಿ ಹೋಗುವಾಗ ಅಂಕಿ ಇದಕ್ಕಿಂತ ಕೆಳಗಿರಬೇಕು. ದಾಟಿತೋ, ನೀವು ಬೂಸ್ಟಿನಲ್ಲಿದ್ದೀರಿ. ಒಂದು ವಾರ ಪಕ್ಕದಲ್ಲಿ ಕೂತವರಿಗೆ ಫೋನ್ ಕೊಟ್ಟು ಗಮನಿಸಲು ಹೇಳಿ. ಯಾವ ಏರಿನಲ್ಲಿ, ಯಾವ ಓವರ್‌ಟೇಕಿನಲ್ಲಿ ದಾಟುತ್ತದೆ ಎಂದು ತಿಳಿದರೆ ಕಾಲು ತಾನಾಗಿ ಪಳಗುತ್ತದೆ.

ಏರಿನಲ್ಲಿ ಕ್ರೂಸ್ ಕಂಟ್ರೋಲ್ ತೆಗೆದುಬಿಡಿ. ವೇಗ ಬೀಳದಂತೆ ಹಟ ಹಿಡಿಯುವ ಅದು ಎರಡು ಗೇರ್ ಇಳಿಸಿ ಬೂಸ್ಟ್ ಏರಿಸುತ್ತದೆ. ಹಿಂದೆ ಬರುವವರಿಗೆ ತೊಂದರೆಯಿಲ್ಲದಿದ್ದರೆ ಏರಿನಲ್ಲಿ 5–8 ಕಿ.ಮೀ. ವೇಗ ಕಳೆದುಕೊಂಡು ಇಳಿಜಾರಿನಲ್ಲಿ ಮರಳಿ ಪಡೆಯಿರಿ. ಖಾಲಿ ಗಾಡಿಯಲ್ಲಿ ಟೋ ಮೋಡ್ (ಟ್ರೈಲರ್ ಎಳೆಯುವಾಗಿನ ಸೆಟ್ಟಿಂಗ್) ಬೇಡ, ಅದು ಮೇಲಿನ ಗೇರನ್ನು ತಡಮಾಡುತ್ತದೆ. ಒಣ ಡಾಂಬರಿನ ಮೇಲೆ ಫೋರ್ ವೀಲ್ ಕೂಡ ಬೇಡ. ಹಾಗೆಂದು ತೀರಾ ಕಡಿಮೆ ಆರ್‌ಪಿಎಂನಲ್ಲಿ ಮೇಲಿನ ಗೇರಿಟ್ಟು ಪೆಡಲ್ ತುಳಿಯುವುದೂ ಒಳ್ಳೆಯದಲ್ಲ. ಆಗ ನಾಕಿಂಗ್ (ಇಂಧನ ಹೊತ್ತಲ್ಲದ ಹೊತ್ತಿನಲ್ಲಿ ತಾನಾಗಿ ಸಿಡಿಯುವುದು) ಗುರುತಿಸುವ ಸೆನ್ಸರ್ ಕಿಡಿಯನ್ನು ತಡಮಾಡಿಸುತ್ತದೆ, ದಕ್ಷತೆ ಕುಸಿಯುತ್ತದೆ. ಹೊರೆಯಿರುವಾಗ ನಾಕಿಂಗ್ ತಡೆಯುವ ಹೆಚ್ಚಿನ ಆಕ್ಟೇನ್ ಪೆಟ್ರೋಲ್ ಉಪಯೋಗಕ್ಕೆ ಬರುವುದು ಇಲ್ಲಿಯೇ. ಖಾಲಿ ಗಾಡಿಯ ನಿಧಾನ ಓಟಕ್ಕೆ, ತಯಾರಕರು ಕಡ್ಡಾಯ ಮಾಡಿರದಿದ್ದರೆ, ಅದು ದಂಡ. ಇ10 (ಶೇ 10 ಎಥನಾಲ್ ಬೆರೆತ) ಪೆಟ್ರೋಲಿನಲ್ಲಿ ಶಕ್ತಿ ಶುದ್ಧ ಪೆಟ್ರೋಲಿಗಿಂತ ಶೇ 3ರಷ್ಟು ಕಡಿಮೆ ಎಂಬುದೂ ಲೆಕ್ಕದಲ್ಲಿರಲಿ.

ಇನ್ನೂ ಕಡಿಮೆ ಬಂದರೆ

ಖರ್ಚಿಲ್ಲದ್ದರಿಂದ ಶುರುಮಾಡಿ. ಬೆಳಗ್ಗೆ ಟೈರ್ ತಣ್ಣಗಿರುವಾಗ ಗಾಳಿ ನೋಡಿ. ಚಾಲಕನ ಬಾಗಿಲ ಚೌಕಟ್ಟಿನ ಚೀಟಿಯಲ್ಲಿರುವುದು ಸರಿಯಾದ ಅಂಕಿ, ಟೈರಿನ ಬದಿಯಲ್ಲಿ ಅಚ್ಚಾಗಿರುವುದು ಗರಿಷ್ಠ ಮಿತಿ. 20 ಕಿ.ಮೀ. ಓಡಿಸಿ ನಿಲ್ಲಿಸಿ, ನಾಲ್ಕೂ ಚಕ್ರಗಳ ಹತ್ತಿರ ಅಂಗೈ ಒಡ್ಡಿ (ಮುಟ್ಟಬೇಡಿ). ಒಂದು ಮಾತ್ರ ಹೆಚ್ಚು ಬಿಸಿಯಿದ್ದರೆ ಆ ಬ್ರೇಕ್ ಹಿಡಿದುಕೊಂಡಿದೆ.

ಮತ್ತೆ ಓಬಿಡಿಗೆ ಬನ್ನಿ. ಕೂಲಂಟ್ ಬಿಸಿ ಅರ್ಧ ಗಂಟೆ ಓಡಿದರೂ 80 ಡಿಗ್ರಿ ಸೆಲ್ಸಿಯಸ್ ಮುಟ್ಟದಿದ್ದರೆ ಕೂಲಂಟ್ ಹರಿವನ್ನು ಹಿಡಿತದಲ್ಲಿಡುವ ಥರ್ಮೋಸ್ಟಾಟ್ ತೆರೆದೇ ಉಳಿದಿದೆ; ಎಂಜಿನ್ ತಾನು ಇನ್ನೂ ತಣ್ಣಗಿದ್ದೇನೆಂದು ಭಾವಿಸಿ ಇಂಧನ ಸುರಿಯುತ್ತಿದೆ. ‘ಲಾಂಗ್ ಟರ್ಮ್ ಫ್ಯುಯಲ್ ಟ್ರಿಮ್’ (ಎಂಜಿನ್ ತಾನಾಗಿ ಇಂಧನವನ್ನು ಶೇಕಡಾ ಎಷ್ಟು ಹೆಚ್ಚು ಕಡಿಮೆ ಮಾಡಿಕೊಂಡಿದೆ ಎಂಬ ಅಂಕಿ) ಪ್ಲಸ್ 10 ದಾಟಿದರೆ ಲೆಕ್ಕಕ್ಕೆ ಸಿಗದ ಗಾಳಿ ನುಗ್ಗುತ್ತಿರಬಹುದು, ಗಾಳಿ ಅಳೆಯುವ ಸೆನ್ಸರ್ ಕೊಳೆಯಾಗಿರಬಹುದು ಅಥವಾ ಇಂಧನದ ಒತ್ತಡ ಕಡಿಮೆಯಿರಬಹುದು. ಮೈನಸ್ 10 ದಾಟಿದರೆ ಸೋರುವ ಇಂಜೆಕ್ಟರ್ ಮೇಲೆ ಅನುಮಾನ ಪಡಿ.

ಟರ್ಬೊದಿಂದ ಗಾಳಿ ತಂಪಾಗಿಸುವ ಇಂಟರ್‌ಕೂಲರಿಗೆ, ಅಲ್ಲಿಂದ ಎಂಜಿನ್ನಿಗೆ ಹೋಗುವ ಕೊಳವೆಗಳ ಕ್ಲ್ಯಾಂಪ್ ಸಡಿಲವಾದರೆ ಒತ್ತಿದ ಗಾಳಿ ಹೊರಗೆ ಹೋಗುತ್ತದೆ. ಕೊರತೆ ತುಂಬಲು ಟರ್ಬೊ ಇನ್ನಷ್ಟು ತಿರುಗಬೇಕು, ಹೊಗೆ ಹೋಗುವ ದಾರಿಯಲ್ಲಿ ಒತ್ತಡ ಏರುತ್ತದೆ. ಪೆಡಲ್ ಒತ್ತಿದಾಗ ‘ಸುಯ್’ ಸದ್ದು, ಕೀಲುಗಳ ಬಳಿ ಎಣ್ಣೆಯ ಜಿಡ್ಡು ಇದರ ಗುರುತು. ಸ್ಪಾರ್ಕ್ ಪ್ಲಗ್ ಬದಲಿಸುವಾಗ ಸಂದಿಯನ್ನು ಕೈಪಿಡಿ ನೋಡಿ ಅಳೆಯಿರಿ. ಹಲವು ಟರ್ಬೊ ಎಂಜಿನ್‌ಗಳಿಗೆ ಅದು 0.7–0.8 ಮಿ.ಮೀ. ಅಷ್ಟೇ. ಸಂದಿ ಅಗಲವಾದರೆ ಬೂಸ್ಟಿನ ಒತ್ತಡದಲ್ಲಿ ಕಿಡಿ ಹಾರುವುದೇ ಇಲ್ಲ, ಇಂಧನ ಉರಿಯದೆ ಹೊರಬೀಳುತ್ತದೆ.

ಡೀಸೆಲ್ ಪಿಕಪ್‌ಗಳ ಕಥೆ ಬೇರೆ. ಅವು ಬೂಸ್ಟಿನಲ್ಲೂ ಹೆಚ್ಚು ಗಾಳಿ, ಕಡಿಮೆ ಇಂಧನದಲ್ಲೇ ಉರಿಯುತ್ತವೆ, ಹೊರೆ ಹೊತ್ತಾಗ ಪೆಟ್ರೋಲಿನಷ್ಟು ಕುಸಿಯುವುದಿಲ್ಲ. ಅವುಗಳ ಕಳ್ಳ ಡಿಪಿಎಫ್, ಅಂದರೆ ಹೊಗೆಯ ಮಸಿ ಹಿಡಿಯುವ ಫಿಲ್ಟರ್. ಮಸಿ ತುಂಬಿದಾಗ ಅದನ್ನು ಸುಡಲು ಎಂಜಿನ್ ಹೆಚ್ಚುವರಿ ಡೀಸೆಲ್ ಕಳಿಸುತ್ತದೆ. ನಾಲ್ಕಾರು ಕಿ.ಮೀ. ಓಡಿಸಿ ಆಫ್ ಮಾಡುವ ಅಭ್ಯಾಸವಿದ್ದರೆ ಈ ಸುಡುವಿಕೆ ಅರ್ಧಕ್ಕೇ ನಿಂತು ಮತ್ತೆ ಮತ್ತೆ ಶುರುವಾಗುತ್ತದೆ, ಆ ಡೀಸೆಲ್ ಎಂಜಿನ್ ಆಯಿಲಿಗೂ ಇಳಿಯುತ್ತದೆ. ಐಡ್ಲಿಂಗ್ ಎಂದಿಗಿಂತ ಏರಿದ್ದು, ಫ್ಯಾನ್ ಜೋರಾಗಿದ್ದು ಕಂಡರೆ ಇನ್ನೊಂದು 20 ನಿಮಿಷ ಹೆದ್ದಾರಿಯಲ್ಲಿ ಓಡಿಸಿ ಮುಗಿಸಿಕೊಡಿ.

ಹಿಂದಿನ ಟೈಲ್‌ಗೇಟ್ ಇಳಿಸಿ ಓಡಿಸಿದರೆ ಮೈಲೇಜ್ ಬರುತ್ತದೆ ಎನ್ನುವವರು ಈಗಲೂ ಸಿಗುತ್ತಾರೆ. ಮುಚ್ಚಿದ ಪೆಟ್ಟಿಗೆಯೊಳಗೆ ಗಾಳಿ ಸುಳಿಯಾಗಿ ನಿಲ್ಲುತ್ತದೆ, ಮೇಲಿನ ಗಾಳಿ ಆ ಸುಳಿಯ ಮೇಲೆ ಜಾರಿ ಹೋಗುತ್ತದೆ. ಇಳಿಸಿದರೆ ಆ ಸುಳಿ ಒಡೆಯುತ್ತದೆ. ಮುಚ್ಚಿಯೇ ಇಡಿ.