ಅಡಿಕೆ ಗೋಣಿಗಳ ನಡುವೆ ಪಾಡ್‌ಕಾಸ್ಟ್: ಎಡಿಟಿಂಗ್ ಬೇಗ ಮುಗಿಸುವ ಬಗೆ

ನನ್ನ ಮೊದಲ ಕಂತು 28 ನಿಮಿಷದ್ದು. ಅದನ್ನು ಎಡಿಟ್ ಮಾಡಲಿಕ್ಕೆ ಹಿಡಿದದ್ದು 11 ಗಂಟೆ. ನಾಲ್ಕು ರಾತ್ರಿ ಕೂತು ಒಂದೊಂದು "ಮತ್ತೆ", ಒಂದೊಂದು "ಅದೂ...", ಒಂದೊಂದು ಉಸಿರನ್ನೂ ಹುಡುಕಿ ಹುಡುಕಿ ಕತ್ತರಿಸಿದ್ದೆ. ಕೊನೆಗೆ ಕೇಳಿದರೆ ಮಾತಾಡಿದ್ದು ನಮ್ಮೂರಿನ ಅಜ್ಜನೋ ರೈಲ್ವೆ ಸ್ಟೇಷನ್ನಿನ ಅನೌನ್ಸ್‌ಮೆಂಟೋ ಗೊತ್ತಾಗುವ ಹಾಗಿರಲಿಲ್ಲ.

ಈಗ ಅಷ್ಟೇ ಉದ್ದದ ಕಂತಿಗೆ ಎರಡೂವರೆ ಗಂಟೆ ಸಾಕು. ಲ್ಯಾಪ್‌ಟಾಪ್ ಅದೇ ಹಳೆಯದು, ಸಾಫ್ಟ್‌ವೇರೂ ಅದೇ. ಹೆಚ್ಚಿನ ಕೆಲಸವನ್ನು ಲ್ಯಾಪ್‌ಟಾಪ್ ತೆರೆಯುವ ಮೊದಲೇ ಮುಗಿಸಲಿಕ್ಕೆ ಕಲಿತೆ, ಅಷ್ಟೇ.

ನಾನು ಕಾಸರಗೋಡಿನ ಬದಿಯಡ್ಕ ಕಡೆಯವಳು. ಕನ್ನಡ ಶಾಲೆಯಲ್ಲಿ ಟೀಚರ್. ಮನೆಯಲ್ಲಿ ಇಬ್ಬರು ಮಕ್ಕಳು, ಅತ್ತೆ, ಸ್ವಲ್ಪ ಅಡಿಕೆ ತೋಟ. ಎಡಿಟಿಂಗಿಗೆ ಸಿಗುವುದು ರಾತ್ರಿ ಒಂಬತ್ತರಿಂದ ಹತ್ತೂವರೆ. ಹದಿನೈದು ದಿನಕ್ಕೊಂದು ಕಂತು ಹಾಕುತ್ತೇನೆ. ವಿಷಯ ನಮ್ಮೂರಿನ ಹಳಬರ ಕೆಲಸದ ಕಥೆ: ನೀರಿಗೆ ಸುರಂಗ ತೋಡಿದವರು, ಬೀಡಿ ಕಟ್ಟಿದವರು, ತಾಳಮದ್ದಳೆಯಲ್ಲಿ ಅರ್ಥ ಹೇಳಿದವರು. ನಿಮ್ಮ ಪಾಡ್‌ಕಾಸ್ಟ್ ಸಿನಿಮಾದ ಬಗ್ಗೆಯೋ ಷೇರು ಮಾರ್ಕೆಟಿನ ಬಗ್ಗೆಯೋ ಇರಬಹುದು. ಕೆಲಸದ ಕ್ರಮ ಹೆಚ್ಚು ಕಡಿಮೆ ಇದೇ.

ಮೊದಲು ಕೋಣೆ. ನಮ್ಮ ಮನೆಯ ಚಾವಡಿ ದೊಡ್ಡದು, ನೆಲಕ್ಕೆ ಟೈಲ್ಸ್. ಅಲ್ಲಿ ಮಾತಾಡಿದರೆ ಬಾವಿಯೊಳಗೆ ಮಾತಾಡಿದ ಹಾಗೆ. ಆ ಪ್ರತಿಧ್ವನಿಯನ್ನು ಆಮೇಲೆ ತೆಗೆಯುವುದು ಬಹಳ ಕಷ್ಟ. ಎಷ್ಟೋ ಪ್ರಯೋಗ ಮಾಡಿ ಕೊನೆಗೆ ನನಗೆ ಸಿಕ್ಕಿದ ಸ್ಟುಡಿಯೋ ಚಾಲಿ ಅಡಿಕೆ, ಅಂದರೆ ಒಣಗಿಸಿದ ಅಡಿಕೆ ಇಡುವ ಕೋಣೆ. ಮೂರು ಬದಿಯಲ್ಲೂ ಗೋಣಿ. ಕೆಳಗೆ ಒಂದು ಹಳೆ ಚಾಪೆ, ಬಾಗಿಲಿಗೆ ಕಂಬಳಿ. ಗೋಣಿ ಸದ್ದನ್ನು ಕುಡಿದು ಬಿಡುತ್ತದೆ. ವಾಸನೆ ಸ್ವಲ್ಪ ಜಾಸ್ತಿ, ಆದರೆ ಅದು ಮೈಕಿಗೆ ಗೊತ್ತಾಗುವುದಿಲ್ಲ ಅಲ್ವಾ? ಅಡಿಕೆ ಇಲ್ಲದವರು ಬಟ್ಟೆ ತುಂಬಿದ ಕಪಾಟಿನ ಬಾಗಿಲು ತೆರೆದು ಅದರ ಎದುರು ಕೂರಬಹುದು.

ಮೈಕ್ ದುಬಾರಿಯದ್ದೇ ಆಗಬೇಕೆಂದಿಲ್ಲ. ನನ್ನ ಹತ್ತಿರ ಇರುವುದು ಎರಡು ಕಾಲರ್ ಮೈಕ್, ಎರಡು ಫೋನ್. ಮಾತಾಡುವವರಿಗೆ ಒಂದು, ನನಗೆ ಒಂದು. ಬೇರೆ ಬೇರೆ ಫೈಲ್ ಇದ್ದರೆ ಅವರು ಮಾತಾಡುವಾಗ ನಾನು ಕೆಮ್ಮಿದ್ದನ್ನು ನನ್ನ ಟ್ರ್ಯಾಕಿನಲ್ಲಿ (ನನ್ನ ಸ್ವರದ ಸಾಲಿನಲ್ಲಿ) ಮಾತ್ರ ತಗ್ಗಿಸಿದರೆ ಹೆಚ್ಚಿನದ್ದು ಹೋಗುತ್ತದೆ. ರೆಕಾರ್ಡಿಂಗ್ ಶುರು ಮಾಡಿದ ಕೂಡಲೇ ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿ. ಎರಡೂ ಫೈಲಿನಲ್ಲಿ ಆ ಚಪ್ಪಾಳೆ ಮೊಳೆಯ ಹಾಗೆ ಎದ್ದು ಕಾಣುತ್ತದೆ, ಅದನ್ನು ಹಿಡಿದು ಟ್ರ್ಯಾಕ್ ಹೊಂದಿಸಿದರಾಯಿತು. ಮುಗಿಸುವಾಗಲೂ ಒಮ್ಮೆ ತಟ್ಟಿ. ಎರಡು ಫೋನಿನ ಸಮಯದ ಲೆಕ್ಕ ಪೂರ್ತಿ ಒಂದೇ ಇರುವುದಿಲ್ಲ, ಒಂದು ಗಂಟೆ ಓಡುವಷ್ಟರಲ್ಲಿ ಸ್ವಲ್ಪ ಹಿಂದೆ ಮುಂದೆ ಆಗುತ್ತದೆ. ಕೊನೆಯ ಚಪ್ಪಾಳೆ ಕೂಡಿ ಬರದಿದ್ದರೆ ನಡುವೆ ಮಾತಿಲ್ಲದ ಒಂದು ಜಾಗದಲ್ಲಿ ಟ್ರ್ಯಾಕ್ ತುಂಡು ಮಾಡಿ ಸ್ವಲ್ಪ ಸರಿಸಿ.

ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಲು ಮರೆಯಬೇಡಿ. ನಾನು ಮರೆತಿದ್ದೆ. ಒಬ್ಬ ಅಜ್ಜಿ ಬೀಡಿ ಬ್ರಾಂಚಿನ ಕಥೆ ಹೇಳುತ್ತಿದ್ದರು. ಒಂಬತ್ತನೇ ನಿಮಿಷಕ್ಕೆ ನನ್ನ ತಮ್ಮನ ಕಾಲ್ ಬಂದು ರೆಕಾರ್ಡಿಂಗ್ ನಿಂತಿದೆ, ನಾನು ನೋಡಲಿಲ್ಲ. ಅವರು ಮತ್ತೂ 40 ನಿಮಿಷ ಮಾತಾಡಿದರು. ಆ 40 ನಿಮಿಷ ಈಗ ನನ್ನ ತಲೆಯೊಳಗೆ ಮಾತ್ರ ಇದೆ.

ಸದ್ದಿನ ಮಟ್ಟ ನೋಡುವಾಗ "ಹಲೋ, ಒಂದು ಎರಡು ಮೂರು" ಹೇಳಿಸಬೇಡಿ. ಆಗ ಎಲ್ಲರೂ ಮೆಲ್ಲಗೆ ಮಾತಾಡುತ್ತಾರೆ, ಆಮೇಲೆ ನಗುವಾಗ ಸ್ವರ ಒಡೆದು ಹೋಗುತ್ತದೆ. ನಾನು "ಗುಡ್ಡೆಯ ಆಚೆ ಇದ್ದವರನ್ನು ಕರೆಯುವ ಹಾಗೆ ಒಮ್ಮೆ ಕೂಗಿ" ಅನ್ನುತ್ತೇನೆ. ಆ ಕೂಗು ಕೂಡ ಮೈನಸ್ 6 ಡಿಬಿ (ಡೆಸಿಬಲ್, ಸದ್ದಿನ ಅಳತೆ; ಸೊನ್ನೆ ದಾಟಿದರೆ ಸ್ವರ ಒಡೆಯುತ್ತದೆ) ದಾಟಬಾರದು. ಸಾಧಾರಣ ಮಾತು ಮೈನಸ್ 12ರ ಆಸುಪಾಸಿಗೆ ಬಂದರೆ ಒಳ್ಳೆಯದು. ಕಡಿಮೆ ಇದ್ದದ್ದನ್ನು ಆಮೇಲೆ ಏರಿಸಬಹುದು. ಒಡೆದ ಸ್ವರವನ್ನು ಮೊದಲಿನ ಹಾಗೆ ಮಾಡಲಿಕ್ಕಾಗುವುದಿಲ್ಲ.

ಇನ್ನೊಂದು ಸಣ್ಣ ಕೆಲಸ. ಮಾತು ಶುರು ಮಾಡುವ ಮೊದಲು 30 ಸೆಕೆಂಡ್ ಎಲ್ಲರೂ ಸುಮ್ನೆ ಕೂರಬೇಕು. ಖಾಲಿ ಕೋಣೆಯ ಸದ್ದು ರೆಕಾರ್ಡ್ ಆಗಲಿ. ಅದು ಎರಡು ಕಡೆ ಬೇಕಾಗುತ್ತದೆ, ಮುಂದೆ ಹೇಳುತ್ತೇನೆ.

ಮಾತಾಡುವಾಗ ಮಡಿಲಲ್ಲಿ ಒಂದು ನೋಟ್‌ಬುಕ್ ಇಟ್ಟುಕೊಳ್ಳುತ್ತೇನೆ. ಒಳ್ಳೆಯ ಮಾತು ಬಂದರೆ ಫೋನಿನಲ್ಲಿ ಸಮಯ ನೋಡಿ "14:20, ಚೆಂದ" ಅಂತ ಬರೆಯುವುದು. ಕುಕ್ಕರ್ ಕೂಗಿದರೆ "17:05, ಕುಕ್ಕರ್". ಮರುದಿನ ಕುಂಬಳೆಗೆ ಹೋಗುವ ಬಸ್ಸಿನಲ್ಲಿ ಕಿವಿಗೆ ಇಯರ್‌ಫೋನ್ ಹಾಕಿ ಪೂರ್ತಿ ಒಮ್ಮೆ ಕೇಳುತ್ತೇನೆ. ಕತ್ತರಿಸುವುದು ಏನೂ ಇಲ್ಲ, ಬರೀ ಕೇಳುವುದು, ಅದೇ ನೋಟ್‌ಬುಕ್ಕಿನಲ್ಲಿ ಬರೆಯುವುದು. ಯಾವ ತುಂಡು ಪೂರ್ತಿ ಹೋಗಬೇಕು, ಯಾವುದು ಮುಂದೆ ಬರಬೇಕು ಎಂಬ ತೀರ್ಮಾನ ಬಸ್ಸಿನಲ್ಲೇ ಆಗುತ್ತದೆ. ಪರದೆಯ ಮೇಲೆ ಸದ್ದಿನ ಗೀಟುಗಳನ್ನು ನೋಡುತ್ತಾ ಕೂತರೆ ಕಣ್ಣು ಸಣ್ಣ ಸಣ್ಣದ್ದನ್ನೇ ಕತ್ತರಿಸಲಿಕ್ಕೆ ಹೇಳುತ್ತದೆ. ಕಿವಿಗೆ ಮಾತ್ರ ಬಿಟ್ಟರೆ ದೊಡ್ಡದು ಕಾಣುತ್ತದೆ.

ರಾತ್ರಿ ಲ್ಯಾಪ್‌ಟಾಪ್. ನಾನು ಬಳಸುವುದು ಆಡಾಸಿಟಿ ಎಂಬ ಎಡಿಟಿಂಗ್ ಸಾಫ್ಟ್‌ವೇರ್. ಪುಕ್ಕಟೆ, 2000ನೇ ಇಸವಿಯಿಂದ ಇದೆ, ಹಳೆ ಕಂಪ್ಯೂಟರಿನಲ್ಲೂ ಓಡುತ್ತದೆ. ಒಂದು ಖಾಲಿ ಪ್ರಾಜೆಕ್ಟ್ ತಯಾರು ಮಾಡಿಟ್ಟಿದ್ದೇನೆ: ಮೇಲಿನ ಟ್ರ್ಯಾಕಿನಲ್ಲಿ ಶುರುವಿನ ಸಂಗೀತ, ಕೆಳಗೆ ಎರಡು ಸ್ವರದ ಜಾಗ, ಕೊನೆಗೆ ಮುಕ್ತಾಯದ ಮಾತು. ಪ್ರತಿ ಸಲ ಅದನ್ನೇ ತೆರೆದು ಹೊಸ ಹೆಸರಿನಲ್ಲಿ ಸೇವ್ ಮಾಡುವುದು. ಸಂಗೀತ ಅಂದರೆ ನೆರೆಮನೆಯ ಹುಡುಗ ಬಾರಿಸಿದ ಎಂಟು ಸೆಕೆಂಡಿನ ಚೆಂಡೆ, ಅವನ ಒಪ್ಪಿಗೆ ಕೇಳಿಯೇ ಹಾಕಿದ್ದು. ಸಿನಿಮಾ ಹಾಡಿನ ತುಂಡು ಹಾಕಲು ಹೋಗಬೇಡಿ, ಕಾಪಿರೈಟಿನ ತಲೆಬಿಸಿ.

ಈಗ ಕತ್ತರಿ. ಇಲ್ಲಿ ನನ್ನ ಸಮಯ ಜಾಸ್ತಿ ಉಳಿಸಿದ ಉಪಾಯ ಒಂದಿದೆ: ಹಿಂದಿನಿಂದ ಮುಂದೆ ಬನ್ನಿ. ನೋಟ್‌ಬುಕ್ಕಿನಲ್ಲಿ 17:05, 31:40, 44:10 ಅಂತ ಬರೆದಿದ್ದೀರಿ ಅಂತಿಟ್ಟುಕೊಳ್ಳಿ. 17:05ರಲ್ಲಿ ಒಂದು ನಿಮಿಷ ಕತ್ತರಿಸಿದರೆ 31:40ರದ್ದು 30:40ಕ್ಕೆ ಬಂದು ಕೂರುತ್ತದೆ, ನಿಮ್ಮ ಲೆಕ್ಕವೆಲ್ಲ ತಪ್ಪುತ್ತದೆ. 44:10ರಿಂದ ಶುರು ಮಾಡಿದರೆ ಮೊದಲಿನ ಸಮಯಗಳು ಇದ್ದಲ್ಲೇ ಇರುತ್ತವೆ. ಇದು ಹೊಳೆಯಲಿಕ್ಕೆ ನನಗೆ ಆರು ಕಂತು ಬೇಕಾಯಿತು. ಮತ್ತೆ, ಎರಡೂ ಟ್ರ್ಯಾಕನ್ನು ಹೊಂದಿಸಿಯೇ ಇಡುವ ಸಿಂಕ್ ಲಾಕ್ ಆನ್ ಮಾಡಿಟ್ಟುಕೊಳ್ಳಿ. ಇಲ್ಲದಿದ್ದರೆ ಒಂದು ಟ್ರ್ಯಾಕಿನಲ್ಲಿ ಕತ್ತರಿಸಿದಾಗ ಇನ್ನೊಂದು ಹಾಗೇ ಉಳಿದು, ನಾನು ಪ್ರಶ್ನೆ ಕೇಳುವ ಮೊದಲೇ ಅಜ್ಜ ಉತ್ತರ ಹೇಳುತ್ತಾರೆ.

ತುಂಡು ತೆಗೆದ ಜಾಗದಲ್ಲಿ ಹಿನ್ನೆಲೆಯ ಸದ್ದು ಹಠಾತ್ತನೆ ನಿಂತರೆ ಕೇಳುವವರಿಗೆ ಗುಂಡಿಗೆ ಕಾಲಿಟ್ಟ ಹಾಗಾಗುತ್ತದೆ. ಅಲ್ಲಿಗೆ ಆ 30 ಸೆಕೆಂಡಿನ ಖಾಲಿ ಕೋಣೆಯ ಸದ್ದಿನಿಂದ ಸ್ವಲ್ಪ ತಂದು ಅಂಟಿಸಿ.

ಮೌನವನ್ನು ತಾನಾಗಿ ಕುಗ್ಗಿಸುವ ಒಂದು ಎಫೆಕ್ಟ್ ಇದೆ, ಟ್ರಂಕೇಟ್ ಸೈಲೆನ್ಸ್. ಒಂದೇ ಒತ್ತಿಗೆ ಐದಾರು ನಿಮಿಷ ಕಡಿಮೆಯಾಗುತ್ತದೆ. ನಾನೂ ಕಣ್ಣು ಮುಚ್ಚಿ ಬಳಸುತ್ತಿದ್ದೆ. ಹೀಗಿರುವಾಗ ಬಾಯಾರು ಕಡೆಯ ಒಬ್ಬರು ಸುರಂಗ ತೋಡುವವರನ್ನು ಕೂರಿಸಿದೆ. ನಮ್ಮಲ್ಲಿ ಸುರಂಗ ಅಂದರೆ ಗುಡ್ಡಕ್ಕೆ ಅಡ್ಡವಾಗಿ ಮುರಕಲ್ಲಿನಲ್ಲಿ ತೋಡುವ, ಒಬ್ಬ ಮನುಷ್ಯ ನುಗ್ಗುವಷ್ಟೇ ಅಗಲದ ನೀರಿನ ದಾರಿ. ಫ್ಯಾನ್ ಬಂದ್ ಮಾಡಿದ್ದಕ್ಕೆ "ಸೆಖೆ ಆಗ್ತದಲ್ಲ ಟೀಚರ್" ಅಂತ ಎರಡು ಸಲ ಹೇಳಿದರು. ಆಮೇಲೆ ಮಾತಿನ ನಡುವೆ, "ಒಳಗೆ ಹೋಗುವಾಗ ಮೇಣದ ಬತ್ತಿ ಹಿಡ್ಕೊಂಡು ಹೋಗುದು. ಬತ್ತಿ ನಂದಿತು ಅಂದ್ರೆ ಗಾಳಿ ಇಲ್ಲ, ಹಿಂದೆ ಬರ್ಬೇಕು. ಒಂದು ದಿನ ನಂದಿತು" ಅಂದರು. ಸುಮ್ಮನಾದರು. ಆರು ಸೆಕೆಂಡ್. ಹೊರಗೆ ತೋಟದಲ್ಲಿ ಕೆಂಬೂತ ಕೂಗುತ್ತಿತ್ತು. ಮತ್ತೆ ಮೆಲ್ಲಗೆ, "ನನ್ನ ಹಿಂದೆ ತಮ್ಮ ಇದ್ದ" ಅಂದರು.

ತಮ್ಮನಿಗೆ ಏನೂ ಆಗಲಿಲ್ಲ, ಇಬ್ಬರೂ ಹೊರಗೆ ಬಂದರು. ಆದರೆ ರಾತ್ರಿ ನಾನು ಎಫೆಕ್ಟ್ ಹಾಕಿ ಕೇಳುವಾಗ ಆ ಆರು ಸೆಕೆಂಡ್ ಅರ್ಧ ಸೆಕೆಂಡ್ ಆಗಿತ್ತು. ಮಾರ್ಕೆಟಿನಲ್ಲಿ ತೆಂಗಿನಕಾಯಿ ರೇಟು ಹೇಳಿದ ಹಾಗೆ ಕೇಳಿಸಿತು. ಅನ್‌ಡೂ ಮಾಡಿದೆ. ಆಮೇಲೆ ಆ ಎಫೆಕ್ಟನ್ನು ನನ್ನ ಟ್ರ್ಯಾಕಿಗೆ ಮಾತ್ರ, ಅದೂ ನಾನು ಪ್ರಶ್ನೆ ಹುಡುಕುತ್ತಾ ತಡವರಿಸಿದ ಕಡೆ ಮಾತ್ರ ಬಳಸುತ್ತೇನೆ.

ಉಸಿರು, "ಮತ್ತೆ", "ಹಾಂ" ಇವನ್ನೂ ಕತ್ತರಿಸದೆ ಬಿಟ್ಟಿದ್ದೇನೆ. ಒಂದೇ ವಾಕ್ಯದಲ್ಲಿ ಮೂರು ಸಲ ಬಂದರೆ ಎರಡು ತೆಗೆಯುತ್ತೇನೆ. ತುಳುವಿಗೆ, ಮಲಯಾಳಕ್ಕೆ ಜಾರಿದ ಮಾತನ್ನೂ ಕತ್ತರಿಸುವುದಿಲ್ಲ. ನಮ್ಮ ಕಡೆಯ ಅಜ್ಜಂದಿರು ಒಂದು ವಾಕ್ಯ ಮುಗಿಸುವಷ್ಟರಲ್ಲಿ ಮೂರು ಭಾಷೆ ದಾಟುತ್ತಾರೆ. ಬೆಂಗಳೂರಿನವರಿಗೆ ಅರ್ಥವಾಗದಿದ್ದರೆ ಅಂತ ನನ್ನ ಸ್ವರದಲ್ಲಿ ಎರಡು ಮಾತು ಸೇರಿಸುತ್ತೇನೆ, ಸಾಕು. ಮಾತನ್ನು ತಾನಾಗಿ ಅಕ್ಷರಕ್ಕಿಳಿಸುವ ಆ್ಯಪ್ ಒಂದೆರಡು ನೋಡಿದೆ. ತುಳು ಬಂದ ಕೂಡಲೇ ಅವು ಬಾಯಿಗೆ ಬಂದದ್ದು ಬರೆಯುತ್ತವೆ.

ಕತ್ತರಿ ಮುಗಿದ ಮೇಲೆ ಸ್ವರದ ರಿಪೇರಿ. ಕ್ರಮ ಒಂದೇ ಇರಲಿ. ಮೊದಲು ತೀರ ತಗ್ಗಿನ ಸದ್ದನ್ನು ತಡೆಯುವ ಹೈ ಪಾಸ್ ಫಿಲ್ಟರ್, 80 ಹರ್ಟ್ಸಿಗೆ: ಮೈಕ್ ವಯರ್ ಅಲುಗಿದ ಗುಡುಗುಡು ತಗ್ಗುತ್ತದೆ. ಆಮೇಲೆ ಹಿನ್ನೆಲೆಯ ಸದ್ದು ತಗ್ಗಿಸುವ ನಾಯ್ಸ್ ರಿಡಕ್ಷನ್. ಖಾಲಿ ಕೋಣೆಯ ಸದ್ದು ಎರಡನೇ ಸಲ ಬೇಕಾಗುವುದು ಇಲ್ಲಿ. ಅದನ್ನು ಸೆಲೆಕ್ಟ್ ಮಾಡಿ ನಾಯ್ಸ್ ಪ್ರೊಫೈಲ್ (ಆ ಸದ್ದಿನ ಮಾದರಿ) ತೆಗೆದುಕೊಂಡು, ಬಳಿಕ ಇಡೀ ಟ್ರ್ಯಾಕಿಗೆ ಹಾಕುವುದು. ಆರರಿಂದ ಒಂಬತ್ತು ಡಿಬಿ ಸಾಕು. ನಾನು ಮೊದಮೊದಲು ಇಪ್ಪತ್ತನಾಲ್ಕು ಹಾಕಿ, ಮಾತಾಡಿದವರೆಲ್ಲ ಕೊಡಪಾನದೊಳಗೆ ಕೂತ ಹಾಗೆ ಮಾಡಿದ್ದೆ. ಒಂದೇ ಸಮನೆ ಬರುವ ಸದ್ದಿಗೆ ಮಾತ್ರ ಇದು ಮದ್ದು. ಕೆಂಬೂತಕ್ಕೆ, ಕುಕ್ಕರಿಗೆ ಅಲ್ಲ. ನಂತರ ಸ್ವಲ್ಪ ಕಂಪ್ರೆಸರ್, ಮೆಲ್ಲಗೆ ಹೇಳಿದ್ದೂ ಜೋರಾಗಿ ನಕ್ಕದ್ದೂ ಹತ್ತಿರ ಬರಲಿಕ್ಕೆ.

ಆಮೇಲೆ ಇಡೀ ಕಂತಿನ ಜೋರನ್ನು ಒಂದು ಮಟ್ಟಕ್ಕೆ ತರುವ ಲೌಡ್‌ನೆಸ್ ನಾರ್ಮಲೈಸೇಶನ್, ಮೈನಸ್ 16 ಎಲ್‌ಯುಎಫ್‌ಎಸ್ (ಕಿವಿಗೆ ಎಷ್ಟು ಜೋರು ಕೇಳುತ್ತದೆ ಎಂಬ ಅಳತೆ). ಆ್ಯಪಲ್ ಪಾಡ್‌ಕಾಸ್ಟ್ಸ್ ಹೇಳುವ ಅಳತೆಯೂ ಇದೇ. ಮೋನೋ (ಒಂದೇ ಚಾನೆಲಿನ) ಫೈಲ್ ಆದರೆ ಮೋನೋವನ್ನು ಡ್ಯೂಯಲ್ ಮೋನೋ ಅಂತ ಲೆಕ್ಕ ಹಿಡಿಯುವ ಪೆಟ್ಟಿಗೆಗೆ ಟಿಕ್ ಇದೆಯೇ ನೋಡಿ. ಕೊನೆಗೆ ಸದ್ದು ಒಂದು ಮಟ್ಟ ಮೀರದ ಹಾಗೆ ತಡೆಯುವ ಲಿಮಿಟರ್, ಮೈನಸ್ 1 ಡಿಬಿ. ಇಷ್ಟನ್ನೂ ಒಂದು ಮ್ಯಾಕ್ರೋದಲ್ಲಿ (ಒಂದರ ಹಿಂದೆ ಒಂದು ತಾನಾಗಿ ಓಡುವ ಪಟ್ಟಿಯಲ್ಲಿ) ಕೂಡಿಸಿಡಬಹುದು. ನಾಯ್ಸ್ ರಿಡಕ್ಷನ್ ಒಂದನ್ನು ಮಾತ್ರ ಕೈಯಾರೆ ಮಾಡುತ್ತೇನೆ, ಪ್ರತಿ ದಿನದ ಕೋಣೆ ಬೇರೆ. ಮ್ಯಾಕ್ರೋ ಓಡುವಾಗ ನಾನು ಪಾತ್ರೆ ತೊಳೆಯುತ್ತೇನೆ.

ಎಕ್ಸ್‌ಪೋರ್ಟ್ ಎಂಪಿ3, ಮೋನೋ, 64 ಕೆಬಿಪಿಎಸ್ (ಸೆಕೆಂಡಿಗೆ 64 ಕಿಲೋಬಿಟ್). ಬರೀ ಮಾತಿಗೆ ಸಾಕು. ಅರ್ಧ ಗಂಟೆಗೆ ಸುಮಾರು 14 ಎಂಬಿ ಆಗುತ್ತದೆ. ನಮ್ಮ ಗುಡ್ಡೆಗಳ ನೆಟ್‌ವರ್ಕಿನಲ್ಲಿ ಇದು ಸಣ್ಣ ವಿಷಯ ಅಲ್ಲ. ಒರಿಜಿನಲ್ ವೇವ್ ಫೈಲನ್ನು ಮಾತ್ರ ಯಾವತ್ತೂ ಅಳಿಸಬೇಡಿ. 16 ಬಿಟ್, 44.1 ಕಿಲೋಹರ್ಟ್ಸಿನ ಮೋನೋ ಒಂದು ಗಂಟೆಗೆ 318 ಎಂಬಿಯ ಹತ್ತಿರ. ಲ್ಯಾಪ್‌ಟಾಪಿನಲ್ಲಿ ಒಂದು, ಹೊರಗಿನ ಹಾರ್ಡ್‌ಡಿಸ್ಕಿನಲ್ಲಿ ಒಂದು ಇರಲಿ. ನನ್ನ ಮೊದಲಿನ ಕೆಲವು ಕಂತುಗಳನ್ನು ಪುಕ್ಕಟೆ ಜಾಗ ಕೊಡುತ್ತಿದ್ದ ಒಂದು ಸೈಟಿನಲ್ಲಿ ಮಾತ್ರ ಇಟ್ಟಿದ್ದೆ. ಅದು ಒಂದು ದಿನ ತೆರೆಯಲೇ ಇಲ್ಲ.

ಕವರ್ ಚಿತ್ರ ಚೌಕ, 3000 ಪಿಕ್ಸೆಲ್. ಫೋನಿನಲ್ಲಿ ಅದು ಅಂಚೆ ಚೀಟಿಯಷ್ಟು ಕಾಣುವುದರಿಂದ ಕನ್ನಡ ಅಕ್ಷರ ದಪ್ಪಗೆ, ಕಡಿಮೆ ಇರಲಿ. ಹೆಸರು ಕನ್ನಡದಲ್ಲೇ ಕೊಡಿ, ವಿವರದಲ್ಲಿ ಒಂದು ಸಾಲು ಇಂಗ್ಲಿಷ್ ಅಕ್ಷರದಲ್ಲೂ ಇರಲಿ. ಗಲ್ಫಿನಲ್ಲಿರುವ ನಮ್ಮ ಮಕ್ಕಳು ಹುಡುಕುವುದು ಹಾಗೆ.

ಜೂನ್ ಬಂತೆಂದರೆ ನಮ್ಮಲ್ಲಿ ರೆಕಾರ್ಡಿಂಗ್ ಬಂದ್. ಶೀಟಿನ ಮೇಲೆ ಮಳೆ ಬೀಳುವಾಗ ಪಕ್ಕದಲ್ಲಿ ಕೂತವರ ಮಾತೇ ಕೇಳುವುದಿಲ್ಲ, ಮೈಕ್ ಏನು ಮಾಡೀತು? ಹಾಗಾಗಿ ಮಳೆಗಾಲಕ್ಕೆ ಹಲಸಿನ ಹಪ್ಪಳ ಮಾಡಿಡುವ ಹಾಗೆ ಏಪ್ರಿಲ್ ಮೇ ರಜೆಯಲ್ಲೇ ಎಂಟು ಕಂತು ರೆಕಾರ್ಡ್ ಮಾಡಿಡುತ್ತೇನೆ. ಒಂದು ಭಾನುವಾರಕ್ಕೆ ಇಬ್ಬರು, ಅದಕ್ಕಿಂತ ಜಾಸ್ತಿ ಬೇಡ.

ಸುರಂಗದ ಕಂತು ಹೋದದ್ದು ಜುಲೈಯಲ್ಲಿ. ಮೊಮ್ಮಗಳ ಫೋನಿನಲ್ಲಿ ಪೂರ್ತಿ ಕೇಳಿ ಅವರು ನನಗೆ ಕಾಲ್ ಮಾಡಿದರು. ಚೆಂದ ಆಗಿದೆ ಅಂತ ಹೇಳಲಿಕ್ಕಲ್ಲ. "ಟೀಚರ್, ಹಾವಿನದ್ದು ಹೇಳ್ಲಿಕ್ಕೇ ಮರ್ತೆ. ಅದು ಸೇರಿಸ್ಲಿಕ್ಕೆ ಆಗ್ತದಾ?" ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೇನೆ: ಮಳೆ ಬಿಟ್ಟ ಮೇಲೆ, ಹಾವು.