ನೋಟುಪುಸ್ತಕದ ತಪ್ಪು ನೋಡಿ ಮಾಡಿದ ಕಾರ್ಡುಗಳು

ಬೇಲೂರು ತಾಲ್ಲೂಕಿನ ಹಳ್ಳಿ ಶಾಲೆಯೊಂದರಲ್ಲಿ ಒಂದರಿಂದ ಐದನೇ ತರಗತಿವರೆಗಿನ ಮಕ್ಕಳಿಗೆ ನಾನು ಬಳಸುವ ಕಲಿಕಾ ಸಾಮಗ್ರಿ ಎಲ್ಲ ಸೇರಿ ಎರಡು ತಗಡಿನ ಡಬ್ಬ ಮತ್ತು ಒಂದು ಸುರುಳಿ ನವಾರು ಪಟ್ಟಿ. ಗೋಡೆ ತುಂಬ ಚಾರ್ಟ್ ಅಂಟಿಸುವುದನ್ನು ಬಿಟ್ಟಿದ್ದೇನೆ. ಹೊಸ ಚಾರ್ಟನ್ನು ಮಕ್ಕಳು ಎರಡು ದಿನ ನೋಡುತ್ತಾರೆ, ಮೂರನೆಯ ದಿನಕ್ಕೆ ಅದು ಗೋಡೆಯ ಸುಣ್ಣದ ಹಾಗೆ ಕಣ್ಣಿಗೇ ಬೀಳುವುದಿಲ್ಲ. ಈಗ ಪಾಲಿಸುತ್ತಿರುವ ನಿಯಮ ಒಂದೇ: ಒಂದೇ ಬಗೆಯ ತಪ್ಪು ಮೂವರು ಮಕ್ಕಳ ನೋಟುಪುಸ್ತಕದಲ್ಲಿ ಕಂಡರೆ ಆ ತಪ್ಪಿಗಾಗಿ ಒಂದು ಸಾಮಗ್ರಿ ಮಾಡುವುದು. ತಪ್ಪು ಹೋದ ಮೇಲೆ ಅದನ್ನು ಡಬ್ಬಕ್ಕೆ ಸೇರಿಸುವುದು.

ಅಕ್ಷರ ಕಲಿಸಲು ಸರ್ಕಾರಿ ಶಾಲೆಗಳ ನಲಿ-ಕಲಿ ಪದ್ಧತಿಯ ಕಾರ್ಡುಗಳೇ ಸಾಕು, ಅದಕ್ಕೆ ನಾನು ಏನನ್ನೂ ಸೇರಿಸಿಲ್ಲ. ‘ರ ಗ ಸ ದ ಅ’ ಐದು ಅಕ್ಷರ ಬಂದ ಕೂಡಲೇ ಮಗು ಸರ, ಅರಸ, ಅಗಸ, ಗರಗಸ ಓದುತ್ತದೆ. ವರ್ಣಮಾಲೆಯ ಕ್ರಮ ಹಿಡಿದು ಹೊರಟರೆ ಇಷ್ಟು ಬೇಗ ಪದ ಸಿಗುವುದಿಲ್ಲ. ಕಾಗುಣಿತದಲ್ಲೂ ಹೆಚ್ಚಿನ ಮಕ್ಕಳು ದಾಟಿಕೊಳ್ಳುತ್ತಾರೆ. ನಿಲ್ಲುವುದು ಒತ್ತಕ್ಷರದಲ್ಲಿ.

‘ಶಕ್ತಿ’ ಎಂಬುದನ್ನು ‘ಶಕಿತ’ ಎಂದು, ‘ರಸ್ತೆ’ಯನ್ನು ‘ರಸೆತ’ ಎಂದು ಓದುವ ಮಗುವಿಗೆ ಅಕ್ಷರ ಗೊತ್ತಿಲ್ಲ ಎಂದುಕೊಳ್ಳಬೇಡಿ. ಅದು ಕಣ್ಣಿಗೆ ಕಂಡದ್ದನ್ನೇ ಓದುತ್ತಿದೆ. ಬಾಯಲ್ಲಿ ಕ್, ತ್, ಇ ಎಂಬ ಕ್ರಮ. ಕಾಗದದ ಮೇಲೆ ಗುಡಿಸು ಹೋಗಿ ಕೂತಿರುವುದು ‘ಕ’ದ ತಲೆಯ ಮೇಲೆ, ‘ತ’ದ ಒತ್ತು ಕೆಳಗೆ. ಮೇಲಿಂದ ಕೆಳಕ್ಕೆ ಓದಿದರೆ ‘ಕಿ’, ಆಮೇಲೆ ‘ತ’. ಮಗುವಿನ ತರ್ಕ ಸರಿಯಾಗಿಯೇ ಇದೆ, ನಮ್ಮ ಲಿಪಿಯ ಈ ಒಂದು ಗುಟ್ಟನ್ನು ನಾವು ಹೇಳಿಕೊಟ್ಟಿಲ್ಲ ಅಷ್ಟೆ. ಅಕ್ಕಿ, ಹಳ್ಳಿ, ರೊಟ್ಟಿಯಂಥ ಪದಗಳಲ್ಲಿ ಈ ತಪ್ಪು ಅಡಗಿರುತ್ತದೆ. ಎರಡೂ ಅದೇ ವ್ಯಂಜನವಾದ್ದರಿಂದ ಮಗು ನಾಲಿಗೆಯ ರೂಢಿಯಿಂದ ಸರಿಯಾಗಿ ಹೇಳಿಬಿಡುತ್ತದೆ. ಸಜಾತೀಯ ಒತ್ತು ಓದಿತು ಅಂತ ಮುಂದಕ್ಕೆ ಹೋದರೆ ವಿಜಾತೀಯದಲ್ಲಿ ಮುಗ್ಗರಿಸುವುದು ಅದಕ್ಕೇ.

ಇದಕ್ಕೆ ಮಾಡಿದ್ದು ಮಡಿಕೆ ಕಾರ್ಡು. ದಪ್ಪ ಡ್ರಾಯಿಂಗ್ ಹಾಳೆಯಲ್ಲಿ 28 ಸೆಂ.ಮೀ. ಉದ್ದ, 9 ಸೆಂ.ಮೀ. ಅಗಲದ ಪಟ್ಟಿ ಕತ್ತರಿಸಬೇಕು. ಎ4 ಅಳತೆಯ ಒಂದು ಹಾಳೆಗೆ ಎರಡು ಬರುತ್ತವೆ, ಹಳೆಯ ಮದುವೆ ಕರೆಯೋಲೆಯ ಖಾಲಿ ಬೆನ್ನೂ ಆಗುತ್ತದೆ. ನಡುವೆ, 14 ಸೆಂ.ಮೀ.ಗೆ, ಶಾಯಿ ಮುಗಿದ ಬಾಲ್‌ಪೆನ್ನಿನಿಂದ ಸ್ಕೇಲಿಟ್ಟು ಗೀರಿ ಮಡಿಸಬೇಕು. ಗೀರದೆ ಮಡಿಸಿದರೆ ದಪ್ಪ ಕಾಗದ ಓರೆಯಾಗಿ ಸೀಳಿ ತಿಂಗಳೊಳಗೆ ಹರಿಯುತ್ತದೆ. ಹೊರಗೆ ‘ಶಕ್ತಿ’ ಎಂದು ಪೂರ್ತಿ ಪದ. ಒಳಗೆ ಬಿಡಿಸಿ ‘ಶ’, ‘ಕ್’, ‘ತಿ’ ಎಂದು ಮೂರು ಚೌಕ.

ಕಾರ್ಡಿನ ಜೀವ ಇರುವುದು ಬಣ್ಣದಲ್ಲಿ. ಒಳಗೆ ‘ತಿ’ ಪೂರ್ತಿ ಕೆಂಪು, ಉಳಿದದ್ದು ಕಪ್ಪು. ಹೊರಗಿನ ಪದದಲ್ಲಿ ‘ಕ’ದ ಮೈ ಕಪ್ಪು, ಅದರ ಮೇಲಿನ ಗುಡಿಸು ಕೆಂಪು, ಕೆಳಗಿನ ಒತ್ತೂ ಕೆಂಪು. ಮೇಲಿರುವ ಕೆಂಪೂ ಕೆಳಗಿರುವ ಕೆಂಪೂ ಒಂದೇ ಮನೆಯವು ಎಂದು ಒಮ್ಮೆ ತೋರಿಸಿದರೆ ಸಾಕು, ಮಗು ಗುಡಿಸನ್ನು ಒತ್ತಿನ ಜೊತೆ ಸೇರಿಸಿ ಓದಲು ಶುರುಮಾಡುತ್ತದೆ. ಮೊದಲ ಸಲ ನಾನು ಒತ್ತಿಗೆ ಮಾತ್ರ ಕೆಂಪು ಬಳಿದು ಗುಡಿಸನ್ನು ಕಪ್ಪಿನಲ್ಲೇ ಬಿಟ್ಟಿದ್ದೆ. ಅದರಿಂದ ತಪ್ಪು ಇನ್ನಷ್ಟು ಗಟ್ಟಿಯಾಯಿತು, ಆ ಕಾರ್ಡುಗಳನ್ನೆಲ್ಲ ಮತ್ತೆ ಬರೆಯಬೇಕಾಯಿತು.

ಅಕ್ಷರದ ಮೈ 3.5 ಸೆಂ.ಮೀ. ಎತ್ತರ, ಮೇಲೆ ಗುಡಿಸಿಗೆ 1.5, ಕೆಳಗೆ ಒತ್ತಿಗೆ 2.5 ಸೆಂ.ಮೀ. ಜಾಗ ಬಿಡಿ. ಪೆನ್ಸಿಲಿನಲ್ಲಿ ಮೂರು ಗೆರೆ ಹಾಕಿಕೊಳ್ಳದೆ ಬರೆದರೆ ಒತ್ತು ಇರುಕಿಕೊಂಡು ಚಿಕ್ಕದಾಗುತ್ತದೆ. ಮಗು ಎಡವುತ್ತಿರುವುದೇ ಒತ್ತಿನಲ್ಲಿ, ಅದನ್ನೇ ಚಿಕ್ಕದು ಮಾಡಿದರೆ ಏನು ಪ್ರಯೋಜನ?

ಪದಗಳ ಸರದಿಯೂ ಮುಖ್ಯ. ಮೊದಲು ಒತ್ತು ತನ್ನ ಅಕ್ಷರದಂತೆಯೇ ಕಾಣುವ ಸಜಾತೀಯಗಳು: ಅಕ್ಕ, ಅಪ್ಪ, ಅಜ್ಜ, ಅಣ್ಣ, ಹಗ್ಗ, ಹಬ್ಬ. ಆಮೇಲೆ ಒತ್ತಿನ ರೂಪವೇ ಬದಲಾಗುವವು. ತ, ನ, ಮ, ಯ, ರ, ಲ ಈ ಆರಕ್ಕೆ ಒತ್ತು ಬೇರೆ ವೇಷ ತೊಡುತ್ತದೆ, ಆದ್ದರಿಂದ ಅತ್ತ, ಅನ್ನ, ಅಮ್ಮ, ಅಯ್ಯ, ಚಕ್ರ, ಬೆಲ್ಲ ಪದಗಳಿಗೆ ಒಂದು ವಾರ ಪೂರ್ತಿ ಕೊಡಿ. ಮೂರನೆಯ ಸುತ್ತಿನಲ್ಲಿ ಅಕಾರ ಇರುವ ವಿಜಾತೀಯಗಳು: ಪುಸ್ತಕ, ಕಷ್ಟ. ನಾಲ್ಕನೆಯದರಲ್ಲಿ ಸ್ವರಚಿಹ್ನೆ ಇರುವ ಶಕ್ತಿ, ರಸ್ತೆ, ಮುಷ್ಟಿ. ಕಡೆಗೆ ಅರ್ಕಾವತ್ತು. ಸೂರ್ಯ, ಧರ್ಮ, ಕರ್ನಾಟಕ ಪದಗಳಲ್ಲಿ ಮೊದಲು ನುಡಿಯುವ ‘ರ್’ ಬರಹದಲ್ಲಿ ಆಮೇಲೆ ಬರುತ್ತದೆ, ಹಾಗಾಗಿ ಮಕ್ಕಳು ‘ಕನಾರ್ಟಕ’ ಎನ್ನುತ್ತಾರೆ. ಅಲ್ಲಿ ಕೆಂಪು ಬಣ್ಣ ಅರ್ಕಾವತ್ತಿಗೆ ಮಾತ್ರ, ಒಳಗಿನ ಮಡಿಕೆಯಲ್ಲಿ ಅದೇ ಕೆಂಪು ‘ರ್’ ಮುಂದಕ್ಕೆ ಬಂದು ನಿಲ್ಲುತ್ತದೆ. ಒಟ್ಟು 40 ಪದ, 20 ಹಾಳೆ.

ಇಬ್ಬಿಬ್ಬರು ಎದುರುಬದುರು ಕೂರುತ್ತಾರೆ. ಒಬ್ಬರು ಹೊರಬದಿ ತೋರಿಸುತ್ತಾರೆ, ಇನ್ನೊಬ್ಬರು ಓದುತ್ತಾರೆ, ಆಮೇಲೆ ಕಾರ್ಡು ಬಿಚ್ಚಿ ಇಬ್ಬರೂ ಸೇರಿ ನೋಡುತ್ತಾರೆ. ದಿನಕ್ಕೆ ಹತ್ತು ಕಾರ್ಡಿಗಿಂತ ಹೆಚ್ಚು ಬೇಡ. ತಪ್ಪಿದ್ದನ್ನು ಬೇರೆ ಇಟ್ಟು ಮರುದಿನ ಮೊದಲು ಅದನ್ನೇ ಓದಿಸಬೇಕು. ಎರಡು ವಾರ ಕಳೆದರೆ ಕೆಲವರು ಪದ ಓದುವುದಿಲ್ಲ, ಕಾರ್ಡಿನ ಮೂಲೆಯ ಕಲೆ ನೋಡಿಯೇ ಹೇಳುತ್ತಾರೆ. ಕಲಿತಿದ್ದಾರೋ ಇಲ್ಲವೋ ಎಂಬುದನ್ನು ಕಾರ್ಡಿನಲ್ಲಿ ಇಲ್ಲದ ಪದದಿಂದಲೇ ಪರೀಕ್ಷಿಸಬೇಕು. ಭಕ್ತಿ, ವಸ್ತು, ದೃಷ್ಟಿ ಬೋರ್ಡಿನ ಮೇಲೆ ಬಿಳಿ ಸೀಮೆಸುಣ್ಣದಲ್ಲಿ ಬರೆದಾಗ, ಬಣ್ಣದ ಆಸರೆ ಇಲ್ಲದೆ ಓದಿದರೆ ಆ ಮಗುವಿಗೆ ಕಾರ್ಡಿನ ಕೆಲಸ ಮುಗಿಯಿತು.

ನಮ್ಮ ಕಡೆಯ ಇನ್ನೊಂದು ತೊಡಕು ‘ಹ’. ಮನೆಯಲ್ಲಿ ‘ಆಲು’, ‘ಅಳ್ಳಿ’ ಎನ್ನುವ ಮಕ್ಕಳು ಬರೆಯುವಾಗ ಹಾಲನ್ನು ‘ಆಲು’ ಎಂದೂ, ಕೆಲವೊಮ್ಮೆ ಎಚ್ಚರ ಅತಿಯಾಗಿ ಅಕ್ಕಿಯನ್ನು ‘ಹಕ್ಕಿ’ ಎಂದೂ ಬರೆಯುತ್ತಾರೆ. ಮನೆಮಾತನ್ನು ತಪ್ಪೆಂದು ಹೇಳಲೇಬಾರದು, ಹೇಳಿದ ದಿನದಿಂದ ಮಗು ಬಾಯಿ ಬಿಡುವುದೇ ಕಡಿಮೆಯಾಗುತ್ತದೆ. ಜೋಡಿ ಚಿತ್ರಗಳನ್ನು ಮಾಡಿಕೊಳ್ಳಿ: ಅಕ್ಕಿ–ಹಕ್ಕಿ, ಅಲ್ಲಿ–ಹಲ್ಲಿ, ಆಡು–ಹಾಡು, ಅತ್ತು–ಹತ್ತು. ಜೊತೆಗೆ ಎರಡು ಬೆರಳಗಲದ ತೆಳು ಕಾಗದದ ಚೂರನ್ನು ಬಾಯಿಯ ಮುಂದೆ ಹಿಡಿಸಿ. ‘ಹಕ್ಕಿ’ ಎಂದಾಗ ಶುರುವಿನಲ್ಲೇ ಅಲುಗುತ್ತದೆ, ‘ಅಕ್ಕಿ’ ಎಂದಾಗ ಇಲ್ಲ. ‘ಬರಹದಲ್ಲಿ ಉಸಿರು ಬೇಕಾದ ಕಡೆ ಹ’ ಎಂದಷ್ಟೇ ಹೇಳಿದರೆ ಸಾಕು.

ಗಣಿತಕ್ಕೆ ಬರೋಣ. 52ರಲ್ಲಿ 27 ಕಳೆದು 35 ಎಂದು ಬರೆದ ಮಗು ಬಿಡಿ ಸ್ಥಾನದಲ್ಲಿ ದೊಡ್ಡದರಿಂದ ಚಿಕ್ಕದನ್ನು ಕಳೆದಿದೆ. ‘ಪಕ್ಕದ ಮನೆಯಿಂದ ಸಾಲ ತಗೋ’ ಎಂಬ ಮಾತು ಇಲ್ಲಿ ಸಹಾಯ ಮಾಡುವುದಿಲ್ಲ. ಸಾಲ ಎಂದರೆ ತೀರಿಸಬೇಕು, ಈ ಲೆಕ್ಕದಲ್ಲಿ ಯಾರೂ ತೀರಿಸುವುದಿಲ್ಲ. ಮಣಿಚೌಕಟ್ಟೂ ಮೊದಲಿಗೆ ಬೇಡ, ಅಲ್ಲಿ ಹತ್ತೂ ಒಂದು ಮಣಿ, ಬಿಡಿಯೂ ಒಂದು ಮಣಿ. ಹತ್ತನ್ನು ಬಿಚ್ಚಿದರೆ ಹತ್ತು ಬಿಡಿ ಬರುವುದನ್ನು ಕಣ್ಣಾರೆ ಕಾಣಲು ಕಡ್ಡಿಯ ಕಟ್ಟೇ ಆಗಬೇಕು.

ತೆಂಗಿನ ಗರಿಯ ಕಡ್ಡಿಪೊರಕೆಯ ಬುಡದ ದಪ್ಪ ಭಾಗವನ್ನು 12 ಸೆಂ.ಮೀ. ತುಂಡುಗಳಾಗಿ ಕತ್ತರಿಸಿ, ಎರಡೂ ತುದಿಯನ್ನು ಒರಟು ಕಲ್ಲಿಗೆ ಉಜ್ಜಿ ಮೊಂಡು ಮಾಡಬೇಕು. ಇಬ್ಬರು ಮಕ್ಕಳಿಗೆ 100 ಕಡ್ಡಿ, 16 ಮಕ್ಕಳಿಗೆ 800. ಕಟ್ಟಲು ರಬ್ಬರ್ ಬ್ಯಾಂಡ್ ಬೇಡ, ಒಂದೇ ಮಳೆಗಾಲಕ್ಕೆ ಅಂಟಂಟಾಗಿ ಹರಿಯುತ್ತದೆ. ಸೈಕಲ್ ರಿಪೇರಿ ಅಂಗಡಿಯಲ್ಲಿ ಬಿಸಾಡುವ ಟ್ಯೂಬನ್ನು ಅರ್ಧ ಸೆಂ.ಮೀ. ಅಗಲಕ್ಕೆ ಅಡ್ಡ ಕತ್ತರಿಸಿದರೆ ಉಂಗುರ ಸಿಗುತ್ತದೆ. ನೂರರ ಕಟ್ಟಿಗೆ ಸ್ಕೂಟರ್ ಟ್ಯೂಬಿನ ಉಂಗುರ.

ರಟ್ಟಿನ ಮೇಲೆ ನಡುಗೆರೆ ಎಳೆದು ಎಡಕ್ಕೆ ‘ಹತ್ತು’, ಬಲಕ್ಕೆ ‘ಬಿಡಿ’ ಎಂದು ಬರೆಯಿರಿ. ಐದು ಕಟ್ಟು, ಎರಡು ಬಿಡಿ ಇಡಿಸಿ. ಏಳು ಬಿಡಿ ಕೊಡು ಎಂದಾಗ ಕೊಡಲು ಇಲ್ಲ. ಒಂದು ಕಟ್ಟನ್ನು ಗೆರೆ ದಾಟಿಸಿ ಬಿಚ್ಚಬೇಕು. ಈಗ ನಾಲ್ಕು ಕಟ್ಟು, ಹನ್ನೆರಡು ಬಿಡಿ. ಏಳು ತೆಗೆದರೆ ಐದು ಬಿಡಿ, ಎರಡು ಕಟ್ಟು ತೆಗೆದರೆ ಎರಡು ಕಟ್ಟು, ಉತ್ತರ 25. ಒಬ್ಬರು ಕಡ್ಡಿ ಸರಿಸುವಾಗ ಇನ್ನೊಬ್ಬರು ಅದೇ ಗಳಿಗೆಯಲ್ಲಿ ನೋಟಿನಲ್ಲಿ 5 ಹೊಡೆದು 4, 2 ಹೊಡೆದು 12 ಎಂದು ಬರೆಯಬೇಕು. ಇದು ತಪ್ಪಬಾರದು. ಕಡ್ಡಿಯ ಲೆಕ್ಕ ಮುಗಿಸಿ ಆಮೇಲೆ ಬರೆಯಲು ಹೇಳಿದರೆ ಕೈಗೂ ಪೆನ್ಸಿಲಿಗೂ ಸಂಬಂಧವೇ ಬೆಳೆಯುವುದಿಲ್ಲ. ಕಡ್ಡಿಯಲ್ಲಿ ಸರಿ, ನೋಟಿನಲ್ಲಿ ಮತ್ತೆ 35. ಮೂರನೆಯ ವಾರದಿಂದ ಕಡ್ಡಿ ಒಳಗಿಟ್ಟು ಹತ್ತಕ್ಕೆ ಉದ್ದ ಗೆರೆ, ಬಿಡಿಗೆ ಚುಕ್ಕಿ ಬರೆಸಿ. ಆಮೇಲೆ ಬರೀ ಅಂಕಿ. ಸೋಮವಾರ ಮಕ್ಕಳೇ ಕಟ್ಟುಗಳನ್ನು ಎಣಿಸಲಿ. ಒಂಬತ್ತು ಕಡ್ಡಿಯ ಒಂದು ಕಟ್ಟು ಇಡೀ ತರಗತಿಯ ಲೆಕ್ಕ ಕೆಡಿಸುತ್ತದೆ.

ಎಣಿಕೆಗೆ ಬೀಜ ಬಳಸುವವರಿಗೆ ಒಂದು ಮಾತು. ಗುಲಗಂಜಿ ಚೆಂದ ಕಾಣುತ್ತದೆ, ಆದರೆ ವಿಷ, ಶಾಲೆಯೊಳಗೆ ತರಲೇಬೇಡಿ. ಹುಣಸೆ ಬೀಜ ಒಳ್ಳೆಯದು, ಮೂಗಿಗೆ ತುರುಕಿಕೊಳ್ಳುವ ವಯಸ್ಸಿನವರಿಗೆ ಅದೂ ಬೇಡ.

‘ನೂರ ಇಪ್ಪತ್ತಮೂರು’ ಎಂದರೆ 10023 ಎಂದು ಬರೆಯುವವರಿಗೆ ಒಂದರ ಮೇಲೊಂದು ಕೂರುವ ಕಾರ್ಡು. ನೂರರದ್ದು 15 ಸೆಂ.ಮೀ., ಹತ್ತರದ್ದು 10, ಬಿಡಿಯದ್ದು 5 ಸೆಂ.ಮೀ. ಉದ್ದ, ಎಲ್ಲಕ್ಕೂ 7 ಸೆಂ.ಮೀ. ಎತ್ತರ, ಒಂಬತ್ತೊಂಬತ್ತರಂತೆ 27. ಪ್ರತಿ ಅಂಕಿ ತನ್ನ 5 ಸೆಂ.ಮೀ. ಚೌಕದ ನಡುವೆಯೇ ಇರಬೇಕು. 100ರ ಮೇಲೆ ಬಲ ಅಂಚು ಕೂಡಿಸಿ 20, ಅದರ ಮೇಲೆ 3 ಇಟ್ಟರೆ 123, ಸೊನ್ನೆಗಳು ಅಡಿಯಲ್ಲಿ ಮುಚ್ಚಿಹೋಗಿವೆ. ಎತ್ತಿ ನೋಡಿದರೆ ಅಲ್ಲೇ ಇವೆ. 105 ಮಾಡಿಸಿದಾಗ ನಡುವಿನ ಸೊನ್ನೆ ಏಕೆ ಉಳಿಯಿತು ಎಂಬುದನ್ನು ಮಕ್ಕಳೇ ಹೇಳುತ್ತಾರೆ.

ಮಲೆನಾಡಿನ ಸೆರಗಿನ ಥಂಡಿಗೆ ಕಾಗದ ಬಾಳುವುದು ಕಷ್ಟ. ನೀರಿನ ಸ್ಕೆಚ್ ಪೆನ್ ಹರಡುತ್ತದೆ, ಪರ್ಮನೆಂಟ್ ಮಾರ್ಕರಿನಲ್ಲೇ ಬರೆಯಿರಿ. ಲ್ಯಾಮಿನೇಷನ್ ಮಾಡಿಸುವುದಾದರೆ ಮೊದಲು ಕಾರ್ಡು ಕತ್ತರಿಸಿ, ಸುತ್ತ ಅರ್ಧ ಸೆಂ.ಮೀ. ಪ್ಲಾಸ್ಟಿಕ್ ಅಂಚು ಉಳಿಯುವಂತೆ ಮಾಡಿಸಿ. ದೊಡ್ಡ ಹಾಳೆ ಲ್ಯಾಮಿನೇಟ್ ಮಾಡಿಸಿ ಆಮೇಲೆ ಕತ್ತರಿಸಿದರೆ ಅಂಚಿನಿಂದ ತೇವ ಹೊಕ್ಕು ಎರಡು ಪದರ ಬಿಚ್ಚಿಕೊಳ್ಳುತ್ತದೆ. ಮೈದಾ ಗೋಂದಿಗೆ ಹುಳ ಬರುತ್ತದೆ. ಹುಳಕ್ಕೆಂದು ತೋಟಕ್ಕೆ ಹೊಡೆಯುವ ಮೈಲುತುತ್ತ ಬೆರೆಸಬೇಡಿ, ಚಿಕ್ಕವರು ಕಾರ್ಡನ್ನು ಬಾಯಿಗಿಡುತ್ತಾರೆ. ಡಬ್ಬಗಳನ್ನು ಬಿಸಿಯೂಟದ ಅಕ್ಕಿ ಇಡುವ ಕೋಣೆಯಿಂದ ದೂರ ಇಡಿ, ಇಲಿ ಬರುವುದು ಅಕ್ಕಿಗೆ, ಕಡಿಯುವುದು ಕಾಗದವನ್ನು.

ಇತಿಹಾಸದ ತಪ್ಪು ಬೇರೆ ಬಗೆಯದು. ಮಕ್ಕಳಿಗೆ ‘ಹಿಂದಿನ ಕಾಲ’ ಎಂಬುದು ಒಂದೇ ರಾಶಿ. ಹೊಯ್ಸಳ ದೊರೆ ವಿಷ್ಣುವರ್ಧನ, ಟಿಪ್ಪು, ಗಾಂಧೀಜಿ ಎಲ್ಲರೂ ಒಂದೇ ದಿನದಲ್ಲಿ ಬದುಕಿದವರು. ಇದಕ್ಕೆ ನವಾರು ಪಟ್ಟಿ. 9 ಮೀಟರ್ ತಂದು, ಕಟ್ಟಲು ಎಡತುದಿಯಲ್ಲಿ 25 ಸೆಂ.ಮೀ. ಬಿಟ್ಟು ಕ್ರಿ.ಶ. 400ರಿಂದ ಶುರುಮಾಡಿ. ನೂರು ವರ್ಷಕ್ಕೆ 50 ಸೆಂ.ಮೀ., ಎರಡು ವರ್ಷಕ್ಕೆ ಒಂದು ಸೆಂ.ಮೀ. ಹಗ್ಗ ಬಳಸಬೇಡಿ: ಗಂಟು ಹಾಕಿದಷ್ಟೂ ಉದ್ದ ಕಡಿಮೆಯಾಗಿ ಅಳತೆ ತಪ್ಪುತ್ತದೆ. 400ರಿಂದ 500ರ ತುಂಡಿನ ಮೇಲೆ ‘5ನೇ ಶತಮಾನ’ ಎಂದು ಬರೆಯುತ್ತ ಹೋದರೆ 1117 ಏಕೆ ಹನ್ನೆರಡನೇ ಶತಮಾನ ಎಂಬ ಗೊಂದಲ ತಾನಾಗಿ ಬಗೆಹರಿಯುತ್ತದೆ. ವರಾಂಡದ ಕಂಬಗಳಿಗೆ ಕಟ್ಟಿ, ಬಟ್ಟೆ ಕ್ಲಿಪ್ಪಿನಿಂದ ಕಾರ್ಡು ಸಿಕ್ಕಿಸಬೇಕು. 400ರ ಗುರುತಿನಿಂದ ಅಳೆದರೆ ಶ್ರವಣಬೆಳಗೊಳದ ಗೊಮ್ಮಟ (981) 290.5 ಸೆಂ.ಮೀ.ಗೆ, ಬೇಲೂರು ಚೆನ್ನಕೇಶವ (1117) 358.5ಕ್ಕೆ, ಅಮೃತಪುರದ ಗುಡಿ (1196) 398ಕ್ಕೆ, ಸಕಲೇಶಪುರದ ಮಂಜರಾಬಾದ್ ಕೋಟೆ (1792) 696ಕ್ಕೆ, ಸ್ವಾತಂತ್ರ್ಯ 773.5ಕ್ಕೆ. ಲೆಕ್ಕ ಮಾಡಿ ಟೇಪು ಹಿಡಿಯುವುದು ಐದನೇ ತರಗತಿಯವರ ಕೆಲಸ. ವಿಷ್ಣುವರ್ಧನನ ಬೇಲೂರು ಗುಡಿಗೂ ಟಿಪ್ಪುವಿನ ಮಂಜರಾಬಾದ್ ಕೋಟೆಗೂ ನಡುವಿನ ಮೂರು ಮೀಟರಿಗೂ ಮಿಕ್ಕ ಖಾಲಿಯನ್ನು ನಡೆದು ದಾಟಿದ ಮಗು ಮತ್ತೆ ಅವರಿಬ್ಬರನ್ನು ಒಟ್ಟಿಗೆ ಕೂರಿಸುವುದಿಲ್ಲ.

ಶಾಸನ, ದಾಖಲೆ ಇರುವುದಕ್ಕೆ ಬಿಳಿ ಕಾರ್ಡು, ಜನ ಹೇಳಿಕೊಂಡು ಬಂದದ್ದಕ್ಕೆ ಹಳದಿ. ಸಳ ಹುಲಿ ಹೊಡೆದ ಕಥೆಯೂ, ಬಾಬಾಬುಡನ್ ಏಳು ಕಾಫಿ ಬೀಜ ತಂದ ಕಥೆಯೂ ಹಳದಿಯಲ್ಲಿ ಪಟ್ಟಿಯ ಕೆಳಗೆ ತೂಗುತ್ತವೆ. ಕಥೆ ಕಿತ್ತುಹಾಕುವ ಅಗತ್ಯವಿಲ್ಲ, ಬಣ್ಣ ಬೇರೆ ಇದ್ದರಾಯಿತು.

ಊರಿನಲ್ಲಿ ವೀರಗಲ್ಲು ಇದ್ದರೆ ಅದರ ಚಿತ್ರವನ್ನೂ ಬಳಸಿ. ಬೆಳಗ್ಗೆ ಎಂಟರೊಳಗೆ ಅಥವಾ ಸಂಜೆ, ಬಿಸಿಲು ಪಕ್ಕದಿಂದ ಬೀಳುವಾಗ ಫೋಟೋ ತೆಗೆಯಿರಿ, ನಡುಹಗಲಿನಲ್ಲಿ ಕೆತ್ತನೆ ಕಾಣುವುದಿಲ್ಲ. ಸೀಮೆಸುಣ್ಣ, ಎಣ್ಣೆ ಹಚ್ಚಬಾರದು. ಮೂರು ಅಂತಸ್ತನ್ನು ಕತ್ತರಿಸಿ ಜೋಡಿಸಲು ಕೊಟ್ಟರೆ ಮಕ್ಕಳು ಮೇಲಿಂದ ಓದುತ್ತಾರೆ, ಒತ್ತಕ್ಷರದಲ್ಲಿ ಮಾಡಿದ ಹಾಗೆಯೇ. ಕಥೆ ನಡೆಯುವುದು ಕೆಳಗಿನಿಂದ: ಅಡಿಯಲ್ಲಿ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಕರೆದೊಯ್ಯುವುದು, ಮೇಲೆ ಲಿಂಗದ ಮುಂದೆ ಅವನು, ತುದಿಯಲ್ಲಿ ಸೂರ್ಯಚಂದ್ರ.

ಪಟ್ಟಿಯ ಬಲತುದಿಯಲ್ಲಿ ಪ್ರತಿ ಮಗುವಿನ ಹುಟ್ಟಿದ ವರ್ಷ ಇರಬೇಕು. 2016ರಲ್ಲಿ ಹುಟ್ಟಿದವರು 808 ಸೆಂ.ಮೀ.ಗೆ, ಅಲ್ಲಿಂದ ಮೂರೂವರೆ ಸೆಂ.ಮೀ. ಆಚೆ, 2023ಕ್ಕೆ, ಬೇಲೂರು ಮತ್ತು ಹಳೇಬೀಡಿನ ಗುಡಿಗಳು ಯುನೆಸ್ಕೊದ ವಿಶ್ವ ಪರಂಪರೆಯ ತಾಣಗಳ ಪಟ್ಟಿಗೆ ಸೇರಿದ್ದರ ಕಾರ್ಡು. ಮನೆಯ ಹಿರಿಯರ ಕಾರ್ಡು ಮಾಡುವಾಗ ‘ಅಜ್ಜಿಗೆ ವರ್ಷ ಗೊತ್ತಿಲ್ವಂತೆ ಮೇಡಂ’ ಎಂದು ಬರುತ್ತಾರೆ. ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಾದಾಗ, ಅಂದರೆ 1973ರಲ್ಲಿ, ಅಜ್ಜಿಗೆ ಮದುವೆಯಾಗಿತ್ತೇ, ಮಕ್ಕಳಾಗಿದ್ದರೇ ಎಂದು ಕೇಳಿಕೊಂಡು ಬರಲು ಕಳಿಸಿ. ಸಿಕ್ಕ ಉತ್ತರದಿಂದ ಹತ್ತು ವರ್ಷದ ಅಂದಾಜು ಬಂದರೆ ಕಾರ್ಡನ್ನು 5 ಸೆಂ.ಮೀ. ಅಗಲ ಕತ್ತರಿಸಿ ಅಷ್ಟೂ ಜಾಗ ಹಿಡಿಯುವಂತೆ ಸಿಕ್ಕಿಸಬೇಕು. ಪಟ್ಟಿಯ ಎಡಗಡೆ, 400ರ ಗುರುತಿನಿಂದ 25 ಸೆಂ.ಮೀ.ಗೆ ಇರುವ, ನಮ್ಮದೇ ತಾಲ್ಲೂಕಿನ ಹಲ್ಮಿಡಿ ಶಾಸನದ ಕಾರ್ಡೂ ಅಗಲವಾಗಿಯೇ ಇದೆ. ಶಾಸನದಲ್ಲಿ ಇಸವಿ ಬರೆದಿಲ್ಲ, ‘ಸುಮಾರು 450’ ಎಂಬುದು ವಿದ್ವಾಂಸರ ಅಂದಾಜು.